ನಮ್ಮ ಹಾಲಿನ ಡೈರಿಗೆ ಚೀನಾದ ಯುದ್ಧತಂತ್ರ

ನಮ್ಮೂರಲ್ಲಿ ಒಬ್ಬರು ಪುಸ್ತಕ ಓದಿದರೆ ಅದನ್ನ ಅನುಭವಿಸೋದು ಓದದೇ ಇರೋ ಮಿಕ್ಕವರೆಲ್ಲ. ಇದು ಮೊದಲಿಂದ ನಡೆದುಕೊಂಡು ಬಂದಿದೆ. ಹಿಂದೊಂದ್ಸಲ ನಮ್ಮ ಡೈರಿ ಅಧ್ಯಕ್ಷರು ವಾಸ್ತು ಪುಸ್ತಕ ಓದಿ ಡೈರಿ ಬಾಗಿಲನ್ನ ಪೂರ್ವಕ್ಕೆ ಇಡಿಸಿದರು. ಪೂರ್ವಕ್ಕೆ ಇದ್ದದ್ದು ಪಕ್ಕದ ಮನೆ ಗೋಡೆ. ಒಂದು ವರ್ಷ ನಾವೆಲ್ಲ ಹಾಲಿನ ಕ್ಯಾನು ಹಿಡಕೊಂಡು ಅಡ್ಡಡ್ಡಲಾಗಿ ನಡೆದುಕೊಂಡೇ ಒಳಕ್ಕೆ ಹೋಗಿಬಂದೆವು. ಅದಾದ ಮೇಲೆ ಅವರು ಪುಸ್ತಕ ಮುಟ್ಟಿರಲಿಲ್ಲ, ನಾವೂ ನೆಮ್ಮದಿಯಾಗಿದ್ದೆವು.

ನಾನು ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯ ಒಂದೂರಿನ ಡೈರಿ ಕಾರ್ಯದರ್ಶಿ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಸಂಜೆ ಜನದ ಹಾಲಿಗೆ ಡಿಗ್ರಿ ಕಡ್ಡಿ ಇಳಿಬಿಟ್ಟು "ನೀರು ಜಾಸ್ತಿ ಆಗದೆ ಕಣವ್ವ" ಅಂತ ಹೇಳೋದು, ಹೇಳಿ ಬೈಸಿಕೊಳ್ಳೋದು ನನ್ನ ಕಸುಬು.

೧. ಶ್ರೀರಂಗಪಟ್ಟಣದಿಂದ ತಂದದ್ದು

ಹೋದ ವರ್ಷ ನಮ್ಮೂರಿಗೆ ಒಂದು ಖಾಸಗಿ ಹಾಲಿನ ವ್ಯಾನು ಬರೋಕೆ ಶುರುವಾಯಿತು. ಅದರ ಹುಡುಗ ಮನೆ ಬಾಗಿಲಿಗೇ ಬಂದು ಹಾಲು ಹಾಕಿಸಿಕೊಂಡು ಹೋಗ್ತಾನೆ. ಕ್ಯಾನು ಹೊತ್ತುಕೊಂಡು ಡೈರಿಗೆ ಬರೋ ತಾಪತ್ರಯ ಇಲ್ಲ, ನನ್ನ ಡಿಗ್ರಿ ಕಡ್ಡಿಯ ಕಾಟ ಇಲ್ಲ. ಹೆಂಗಸರು ಒಬ್ಬೊಬ್ಬರಾಗಿ ಅವನ ಕಡೆ ಆದರು. ನಮ್ಮ ಹಾಲು ಅರ್ಧಕ್ಕಿಳಿಯಿತು.

ಮೇಲಿನಿಂದ ಸೂಪರ್‌ವೈಸರ್ ಬಂದರು. "ಬರೋ ತಿಂಗಳು ಕೊನೇ ದಿನ ಬೆಳಗಿನ ಹಾಲು ಏಳೂವರೆ ಒಳಗೆ ಇನ್ನೂರು ಲೀಟರ್ ಮುಟ್ಟಬೇಕು. ಮುಟ್ಟಲಿಲ್ಲ ಅಂದರೆ ಈ ಡೈರಿ ಮುಚ್ಚಿ ಪಕ್ಕದೂರಿಗೆ ಸೇರಿಸ್ತೀವಿ" ಅಂದು ಹೋದರು.

ಪಕ್ಕದೂರಿನ ಜಗಲಿ ಮೇಲೆ ಹೋಗಿ ನಮ್ಮೂರಿನವರು ಪಾತ್ರೆ ಹಿಡಕೊಂಡು ನಿಲ್ಲೋದು ಅಂದರೆ ಸಾಮಾನ್ಯ ಮಾತಲ್ಲ. ನನಗಂತೂ ಐವತ್ತನಾಲ್ಕು ವರ್ಷ. ಡಿಗ್ರಿ ಕಡ್ಡಿ ಬಿಟ್ಟರೆ ಬೇರೇನೂ ಹಿಡಿಯೋಕೆ ಬರಲ್ಲ. ಹೆದರಿಕೆ ಆಯಿತು ಅಂತ ನೇರವಾಗೇ ಹೇಳಿಬಿಡ್ತೀನಿ.

ಅದೇ ವಾರ ಶ್ರೀರಂಗಪಟ್ಟಣದಲ್ಲಿ ಡೈರಿಗಳವರಿಗೆ ಎರಡು ದಿನದ ತರಬೇತಿ ಇತ್ತು. ನಮ್ಮ ಅಧ್ಯಕ್ಷರು ಹೋಗಿದ್ದರು. ಪಕ್ಕದೂರಿನ ಡೈರಿ ಕಾರ್ಯದರ್ಶಿಯೂ ಹೋಗಿದ್ದ. ಅವನು ಎರಡು ದಿನವೂ ಹಿಂದಿನ ಬೆಂಚಲ್ಲಿ ಬಾಯಿ ತೆಗೆದುಕೊಂಡು ನಿದ್ದೆ ಮಾಡಿದ ಅಂತ ಅಧ್ಯಕ್ಷರು ಬಂದು ಹೇಳಿದರು. ಇವರು ಮಾತ್ರ ಎಚ್ಚರವಾಗಿದ್ದರು. ಅದೇ ಆಗಿದ್ದು ಯಡವಟ್ಟು.

ಅಲ್ಲಿ ಯಾರೋ ಮೇಷ್ಟ್ರು ಚೀನಾದ ಹಳೇ ಯುದ್ಧತಂತ್ರದ ಮೇಲೆ ಭಾಷಣ ಮಾಡಿ ಒಂದು ತೆಳ್ಳನೆ ಪುಸ್ತಕ ಹಂಚಿದ್ದಾರೆ. ಬಸ್ಸು ಪಾಂಡವಪುರ ಬಿಡೋ ಹೊತ್ತಿಗೆ ಅಧ್ಯಕ್ಷರು ಅರ್ಧ ಓದಿದ್ದಾರೆ. ನಮ್ಮೂರಲ್ಲಿ ಇಳಿಯೋ ಹೊತ್ತಿಗೆ ದಂಡನಾಯಕರಾಗಿದ್ದರು.

"ಲೋ ಸೆಕ್ರೆಟ್ರಿ, ಎಲ್ಡೂವರೆ ಸಾವ್ರ ವರ್ಸದಿಂದೆ ಬರ್ದವ್ನೆ ಕಣ್ಲಾ ಪುಣ್ಯಾತ್ಮ. ದೊಡ್‌ದೊಡ್ ಕಂಪ್ನಿಯೋರೆಲ್ಲ ಇದನ್ನೇ ಓದ್ಕಂಡು ಯಾಪಾರ ಮಾಡ್ತಾವ್ರಂತೆ."

"ಹಾಲಿನ ಬಗ್ಗೆ ಏನಾರ ಬರ್ದವ್ನಾ ಅಧ್ಯಕ್ಷ್ರೇ?"

"ನಾನೂ ಕೇಳ್ದೆ. ಆವಾಗ ಅವ್ರು ಹಾಲು ಕುಡೀತಿದ್ದಿದ್ದೇ ಕಮ್ಮಿಯಂತೆ."

ಹಾಲು ಕುಡಿಯದ ಜನದ ಯುದ್ಧತಂತ್ರ ಹಿಡಕೊಂಡು ಹಾಲಿನ ಡೈರಿ ಉಳಿಸೋ ಕೆಲಸ ಅವತ್ತಿನಿಂದ ಶುರುವಾಯಿತು.

೨. ಗೂಢಚಾರ

ಮೊದಲನೇ ತಂತ್ರ, ಶತ್ರುವನ್ನ ಪೂರ್ತಿ ತಿಳಕೊಳ್ಳೋದು. ಅದಕ್ಕೆ ಗೂಢಚಾರ ಬೇಕು. ನಮ್ಮ ನಿರ್ದೇಶಕರೊಬ್ಬರ ಹತ್ತಿರ ಸ್ಕೂಟರ್ ಇತ್ತು, ಹಾಗಾಗಿ ಅವರೇ ಗೂಢಚಾರರು ಅಂತ ತೀರ್ಮಾನ ಆಯಿತು.

"ವ್ಯಾನಿನ ಹಿಂದೇನೇ ಓಗು. ಹಾಲು ಎಲ್ಲಿಗೋಯ್ತದೆ, ಯಾರು ತಕ್ಕತಾರೆ, ಎಲ್ಲಾ ತಿಳ್ಕಂಡು ಬಾ. ಅವ್ನಿಗೆ ಗೊತ್ತಾಗ್ಬಾರ್ದು" ಅಂತ ಅಧ್ಯಕ್ಷರು ಹೇಳಿ ಕಳಿಸಿದರು.

ಬೆಳಿಗ್ಗೆ ಹೋದ ಆಸಾಮಿ ಬಂದಿದ್ದು ಸಂಜೆ ನಾಲ್ಕಕ್ಕೆ. ಮುಖದಲ್ಲಿ ಒಳ್ಳೆ ಕಳೆ ಇತ್ತು.

"ಏನ್ಲಾ ತಿಳ್ಕಂಡು ಬಂದೆ?"

"ಎಲ್ಲಾ ತಿಳ್ಕಂಡು ಬಂದೆ ಕಣಣ್ಣ. ಹುಡ್ಗ ಪಾಲಹಳ್ಳಿಯೋನು. ಬೆಳಗೊಳದಲ್ಲಿ ಎಣ್ಣು ತಂದವ್ನೆ. ಹುಡ್ಗನ್ ಅವ್ವ ಬೇರೆ ಯಾರೂ ಅಲ್ಲ, ನನ್ ಎಂಡ್ತಿ ಸೋದರಮಾವನ ಮಗಳು. ವರಸೇಲಿ ನಂಗೆ ಅಳಿಮಯ್ಯ ಆಯ್ತಾನೆ. ಬುಡ್ಲೇ ಇಲ್ಲ, ಊಟ ಮಾಡ್ಕಂಡೇ ಓಗ್ಬೇಕು ಮಾವ ಅಂತ ಕೂರಿಸ್ಬುಟ್ಟ."

"ಹಾಲು ಎಲ್ಲಿಗೋಯ್ತದೆ?"

ಗೂಢಚಾರರು ಅಧ್ಯಕ್ಷರನ್ನ ಒಂಥರಾ ನೋಡಿದರು. "ಉಣ್ಣಕ್ಕೆ ಕೂತಿರೋವಾಗ ಅದನ್ನೆಲ್ಲ ಕೇಳಕ್ಕಾಯ್ತದಾ ಅಣ್ಣ?"

ಮಾರನೇ ದಿನದಿಂದ ನಿರ್ದೇಶಕರ ಮನೆ ಹಾಲೂ ವ್ಯಾನಿಗೆ ಹೋಯಿತು. ಯಾಕಪ್ಪ ಅಂದರೆ, "ನೆಂಟ ಬಂದು ಬಾಗಿಲಲ್ಲಿ ನಿಂತವ್ನೆ, ಇಲ್ಲ ಅಂತ ಎಂಗನ್ನಾದು?" ಅಂದರು. ಶತ್ರುವನ್ನ ಪೂರ್ತಿ ತಿಳಕೊಂಡಿದ್ದಕ್ಕೆ ನಮಗೆ ಬೆಳಗಿನ ಹಾಲಲ್ಲಿ ಆರು ಲೀಟರ್ ಕಮ್ಮಿಯಾಯಿತು.

೩. ಬಲ ಇಲ್ಲದಂತೆ ತೋರಿಸೋದು

ಎರಡನೇ ತಂತ್ರ, ಬಲ ಇದ್ದಾಗ ಇಲ್ಲದಂತೆ ತೋರಿಸಿಕೊಂಡು ಶತ್ರು ಮೈಮರೆಯೋ ಹಾಗೆ ಮಾಡೋದು. ಅಧ್ಯಕ್ಷರು ಡೈರಿ ಬೋರ್ಡ್ ಇಳಿಸಿದರು. ಎರಡು ಟ್ಯೂಬ್‌ಲೈಟಿನಲ್ಲಿ ಒಂದನ್ನ ಬಿಚ್ಚಿಸಿದರು. ನನಗೆ, "ಮಕ ಸಪ್ಗೆ ಮಾಡ್ಕಂಡು ಕೂತ್ಕೋ" ಅಂದರು. ಅದಕ್ಕೆ ನಾನೇನೂ ಕಷ್ಟಪಡಬೇಕಾಗಲಿಲ್ಲ.

ವ್ಯಾನಿನ ಹುಡುಗ ಇದನ್ನ ನೋಡಿದನೋ ಇಲ್ಲವೋ ಗೊತ್ತಿಲ್ಲ. ನಮ್ಮ ಜನ ನೋಡಿದರು. "ಮುಚ್ಚೋಯ್ತಂತೆ ಪಾಪ" ಅಂತ ಮಾತಾಡಿಕೊಂಡು ಇನ್ನೂ ಹತ್ತು ಮನೆಯವರು ವ್ಯಾನಿಗೆ ಹಾಕಿದರು. ಒಬ್ಬರು ನಮ್ಮ ಮನೆಗೆ ಬಂದು, ನನ್ನ ಹೆಂಡತಿಗೆ ಸಮಾಧಾನ ಹೇಳಿ, ಬಾಳೆಗೊನೆ ಕೊಟ್ಟು ಹೋದರು. ನಾನು ಬದುಕಿರುವಾಗಲೇ ಬಂತಲ್ಲ ಅಂತ ತಿಂದೆ.

ನಾಲ್ಕನೇ ದಿನ ಪಕ್ಕದೂರಿನ ಕಾರ್ಯದರ್ಶಿ ಬಂದ. ನನ್ನ ಪಕ್ಕ ಕೂತು, ನಿಟ್ಟುಸಿರು ಬಿಟ್ಟು, ಗೋಡೆ ಕಡೆ ನೋಡಿದ. ಅಲ್ಲಿ ನಮ್ಮ ಡೈರಿ ಶುರುವಾದಾಗಿನಿಂದ ಇರೋ ಲೋಲಕದ ಗಡಿಯಾರ ಇದೆ. ತೇಗದ ಚೌಕಟ್ಟು, ಒಳ್ಳೆ ಗಂಟೆ ನಾದ. ಸುತ್ತ ಏಳು ಹಳ್ಳೀಲಿ ಅಂಥದ್ದಿಲ್ಲ.

"ಅಣ್ಣ, ತಪ್ಪು ತಿಳ್ಕಬೇಡ. ಎಂಗೂ ನೀವು ನಮ್ಮೂರಿಗೆ ಬತ್ತೀರಿ. ಆ ಗಡಿಯಾರನ ನಾನೀಗ್ಲೇ ತಕ್ಕೊಂಡೋಗ್ಲಾ?"

ನಾನು ಕಡ್ಡಿ ಎತ್ತಿದೆ. ಅವನು ಎದ್ದು ಹೋದ. ಆಮೇಲೆ ಅಧ್ಯಕ್ಷರಿಗೆ ಅಂದೆ, "ಅಧ್ಯಕ್ಷ್ರೇ, ಇದ್ದ ಬಲಾನ ಇಲ್ದಂಗೆ ತೋರ್ಸೋದು ಸರಿ. ನಾವು ಇಲ್ದಿದ್ದನ್ನ ಇಲ್ದಂಗೆ ತೋರ್ಸಿದ್ವಿ."

ಅವರು ಪುಸ್ತಕ ತೆಗೆದು ನೋಡಿ, "ಅಂಗೇನೂ ಬರ್ದಿಲ್ಲ ಕಣ್ಲಾ ಇದ್ರಲ್ಲಿ" ಅಂದರು.

೪. ಕೆರೆ ಏರಿ ಮೇಲೆ

ಮೂರನೇ ತಂತ್ರಕ್ಕೆ ಅಧ್ಯಕ್ಷರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರಿನ ನಕ್ಷೆ ಬರೆದರು. ಒಂದು ಕಡೆ ಗದ್ದಲ ಮಾಡಿ ಇನ್ನೊಂದು ಕಡೆ ದಾಳಿ ಮಾಡೋದು. ನಮ್ಮೂರಿಗೆ ಎರಡು ದಾರಿ. ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಮಣ್ಣು ರಸ್ತೆ. ಏರಿ ಮೇಲೆ ಅಧ್ಯಕ್ಷರ ಟ್ರಾಕ್ಟರು ಕೆಟ್ಟಂತೆ ಅಡ್ಡ ನಿಲ್ಲಬೇಕು. ವ್ಯಾನು ಅಲ್ಲಿ ಸಿಕ್ಕಿಹಾಕಿಕೊಳ್ಳಬೇಕು. ಆ ಹೊತ್ತಿಗೆ ನಾವು ಪಶ್ಚಿಮದ ಬೀದಿಯಲ್ಲಿ ಮನೆಮನೆಗೆ ಹೋಗಿ ಹೆಂಗಸರ ಮನಸ್ಸು ತಿರುಗಿಸಬೇಕು.

ಬೆಳಿಗ್ಗೆ ಆರಕ್ಕೆ ಟ್ರಾಕ್ಟರು ಹೋಗಿ ಅಡ್ಡ ನಿಂತಿತು. ನಿಲ್ಲಿಸುವಾಗ ಹಿಂದಿನ ಚಕ್ರ ಏರಿಯ ಹಸಿ ಮಣ್ಣಿಗೆ ಇಳಿದು ನಿಜವಾಗಲೂ ಹೂತುಕೊಂಡಿತು. ವ್ಯಾನು ಮಾತ್ರ ಆ ಕಡೆ ಬರಲೇ ಇಲ್ಲ. ನೆಟ್ಟಗೆ ಮಣ್ಣು ರಸ್ತೆಯಲ್ಲಿ ಬಂದು, ಹಾಲು ಹಾಕಿಸಿಕೊಂಡು, ಡೈರಿ ಮುಂದೆ ನಿಂತಿತು. ಗೂಢಚಾರರು ಹಿಂದಿನ ದಿನವೇ ಅಳಿಯನಿಗೆ ಫೋನ್ ಮಾಡಿದ್ದರು. "ಏರಿ ಮೇಲೆ ಬರ್ಬೇಡ ಕಣಪ್ಪ, ನಾಳೆ ಟ್ರಾಕ್ಟರು ಕೆಟ್ಟೋಯ್ತದೆ" ಅಂತ.

ಏರಿಯ ಆ ಕಡೆ ಸಿಕ್ಕಿಕೊಂಡಿದ್ದು ನಮ್ಮದೇ ಹಾಲಿನ ಲಾರಿ, ಮಣ್ಣು ರಸ್ತೆಗೆ ಅದು ಇಳಿಯಲ್ಲ. ಬಿಸಿಲೇರ್ತಾ ಇದೆ, ಹಾಲು ಒಡೆದರೆ ಅವತ್ತಿಗೇ ಡೈರಿ ಕತೆ ಮುಗೀತು. ಕ್ಯಾನುಗಳನ್ನ ನೆರಳಿಗೆಳೆದು ಏರಿ ಕಡೆ ನೋಡ್ತಾ ನಿಂತೆ.

ವ್ಯಾನಿನ ಹುಡುಗ ಇಳಿದು ಬಂದ. "ಯಾಕಣ್ಣ ಇಂಗ್ ನಿಂತಿದ್ದೀರಿ? ನಮ್ ಗಾಡೀಗಾಕಿ. ನಿಮ್ ಚಿಲ್ಲಿಂಗ್ ಸೆಂಟರಿಗೆ ನಾನೇ ಬುಟ್ಟು ಬತ್ತೀನಿ. ಯಾರಾರ ಒಬ್ರು ಜೊತೇಲಿ ಬನ್ನಿ."

ಅಧ್ಯಕ್ಷರೇ ಹೋದರು. ಶತ್ರುವಿನ ಪಕ್ಕದ ಸೀಟಿನಲ್ಲಿ, ಪುಸ್ತಕ ಜೇಬಿನಲ್ಲಿಟ್ಟುಕೊಂಡು. ಬರುವಾಗ ಅವನೇ ಟೀ ಕೊಡಿಸಿದನಂತೆ, ಜೊತೆಗೆ ಎರಡು ವಡೆ.

"ಪುಸ್ತ್ಕ ಏನನ್ತದೆ ಅಧ್ಯಕ್ಷ್ರೇ?" ಅಂದೆ.

"ಶತ್ರೂನ ಅತ್ರಾನೇ ಇಟ್ಕೋಬೇಕು ಅಂತ ಎಲ್ಲೋ ಓದ್ದಂಗಿತ್ತು ಕಣ್ಲಾ" ಅಂದರು. ಬಾಯಿ ಒರೆಸಿಕೊಂಡು, "ವಡೆ ಚೆನ್ನಾಗಿತ್ತು" ಅಂದರು.

೫. ಹಾಲಿಲ್ಲದವರು ನಿಲ್ಲುವಂತಿಲ್ಲ

ಈಗ ಒಂದು ಹಳೇ ವಿಷಯ ಹೇಳಬೇಕು. ನಮ್ಮ ಡೈರಿ ಸಾಲಿನಲ್ಲಿ ಹಾಲು ಹಾಕೋಕೆ ಬರೋರಿಗಿಂತ ಮಾತಾಡೋಕೆ ಬಂದು ನಿಲ್ಲೋರೇ ಹೆಚ್ಚಾಗಿ, ಒಂದು ವರ್ಷ ನಾನು ಬೇಸತ್ತು ಗೋಡೆ ಮೇಲೆ ಬರೆಸಿದ್ದೆ. "ಹಾಲಿಲ್ಲದವರು ಸಾಲಿನಲ್ಲಿ ನಿಲ್ಲುವಂತಿಲ್ಲ." ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ತಂದ ಕಾನೂನು ಅದೊಂದೇ.

ಕೊನೇ ವಾರ ನಮ್ಮ ಹಾಲು ನೂರ ಇಪ್ಪತ್ತಕ್ಕೆ ಬಂದಿತ್ತು. ಅಧ್ಯಕ್ಷರು ಹಿಮ್ಮೆಟ್ಟುವ ಅಧ್ಯಾಯ ಓದುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಬೀದಿಯ ದೊಡ್ಡವ್ವ ಬರಿಗೈಯಲ್ಲಿ ಬಂದು ಸಾಲಿನ ಕೊನೆಗೆ ನಿಂತಿತು. ಅದು ಮೊಟ್ಟಮೊದಲು ವ್ಯಾನಿಗೆ ಹಾಕಿದ ಮನೆ.

"ಹಾಲೆಲ್ಲವ್ವ?"

"ವ್ಯಾನಿಗಾಕ್ದೆ. ಸುಮ್ಕೆ ಬಂದೆ ಕಣಪ್ಪ."

"ಬೋರ್ಡ್ ನೋಡವ್ವ. ಹಾಲಿಲ್ದೋರು ನಿಲ್ಲಂಗಿಲ್ಲ."

ದೊಡ್ಡವ್ವನಿಗೆ ಸಿಟ್ಟು ಬಂತು. "ಅಲ್ಲ ಕಣ್ಲಾ, ನಮ್ ಗೋಡೆ ಪಕ್ಕದ್ ಮನೆ ಹುಡ್ಗೀಗೆ ನಾಗಮಂಗಲದಿಂದ ಗಂಡು ಬಂದು ಒಪ್ಕಂಡೋಗಿ ಎಲ್ಡು ವಾರ ಆಗದೆ. ನಂಗೆ ಗೊತ್ತೇ ಇಲ್ಲ. ನೆನ್ನೆ ಯಾರೋ ಬಳೆ ಮಾರೋಳು ಬಂದು ಯೋಳ್ತಾಳೆ. ಆ ವ್ಯಾನೋನು ಬತ್ತಾನೆ, ಸುರ್ಕತಾನೆ, ಓಯ್ತಾನೆ. ಒಂದ್ ಮಾತಿಲ್ಲ ಕತೆಯಿಲ್ಲ. ನಾನೇನು ಮನುಷ್ಯಳಾ, ಕೊಟ್ಟಿಗೇಲಿರೋ ಎಮ್ಮೆಯಾ?"

ಪಾಪ ಅನ್ನಿಸಿತು. ಆದರೆ ಕಾನೂನು ಕಾನೂನೇ. ಕಳಿಸಿಬಿಟ್ಟೆ. ಮಾರನೇ ದಿನ ದೊಡ್ಡವ್ವ ಅರ್ಧ ಲೀಟರ್ ತಂದು ಅರ್ಧ ಗಂಟೆ ನಿಂತಿತು. ಅದರ ಮಾರನೇ ದಿನ ಪೂರ್ತಿ ಹಾಲು ತಂದಿತು. ಆಮೇಲೆ ಆ ಬೀದಿಯ ಹೆಂಗಸರೆಲ್ಲ ಬಂದರು. ತಿಂಗಳಿಂದ ಊರಲ್ಲಿ ಯಾರಿಗೂ ಏನೂ ಗೊತ್ತಾಗಿರಲಿಲ್ಲ, ಬಾಕಿ ಬಹಳ ಇತ್ತು. ಆರು ಗಂಟೆ ಅನ್ನೋ ಹೊತ್ತಿಗೆ ಸಾಲು ಅರಳಿಕಟ್ಟೆ ಮುಟ್ಟುತ್ತಿತ್ತು. ನನಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಹಾಲಿನ ಕ್ಯಾನಿನಿಂದ ದೂರ ನಿಂತು ಒರೆಸಿಕೊಂಡೆ, ಡಿಗ್ರಿ ಹೆಚ್ಚುಕಮ್ಮಿ ಆದೀತು ಅಂತ.

ಕೊನೇ ದಿನ ಸೂಪರ್‌ವೈಸರ್ ಬಂದು ಗಡಿಯಾರದ ಕೆಳಗೇ ಕುರ್ಚಿ ಹಾಕಿಕೊಂಡು ಕೂತರು. ಏಳೂ ಇಪ್ಪತ್ತೈದು. ಸಾಲೆಲ್ಲ ಮುಗಿದು ದೊಡ್ಡವ್ವ ಒಂದೇ ಉಳಿದಿತ್ತು. ಎಲ್ಲರ ಮಾತು ಕೇಳಿಸಿಕೊಳ್ಳೋಕೆ ಅದು ಯಾವಾಗಲೂ ಕೊನೇಲೇ ನಿಲ್ಲೋದು. ಅದರ ಹಾಲೂ ಸೇರಿಸಿ ಬರೆದೆ. ನೂರ ತೊಂಬತ್ತಾರು.

ನಾಲ್ಕು ಲೀಟರ್ ಕಮ್ಮಿ. ಅಧ್ಯಕ್ಷರು ಗೂಢಚಾರರ ಕಡೆ ನೋಡಿದರು. ಗೂಢಚಾರರು ನೆಲ ನೋಡಿದರು. ಅವರ ಮನೆ ಹಾಲು ಆಗಲೇ ಅಳಿಯನ ವ್ಯಾನು ಸೇರಿತ್ತು.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಹುಡುಗ ಇಳಿದು ಬಂದು ದೊಡ್ಡವ್ವನ ಹಿಂದೆ ನಿಂತ.

"ಏನಪ್ಪ?" ಅಂದಿತು ದೊಡ್ಡವ್ವ.

"ನಮ್ ನಾದಿನಿಗೆ ಗಂಡು ನೋಡ್ತಾ ಇವ್ನಿ ಕಣವ್ವ. ಈ ಸಾಲಲ್ಲಿ ನಿಂತ್ರೆ ಸುತ್ತೇಳು ಹಳ್ಳಿ ಗಂಡುಗಳ ವಿಷ್ಯ ಎಲ್ಲಾ ಗೊತ್ತಾಯ್ತದೆ ಅಂತ ನಮ್ ಮಾವ ಅಂದ್ರು."

ದೊಡ್ಡವ್ವನ ಮುಖ ಅರಳಿತು. ಆದರೂ ಗೋಡೆ ತೋರಿಸಿತು. "ಹಾಲಿಲ್ದೋರು ನಿಲ್ಲಂಗಿಲ್ಲ ಕಣಪ್ಪ. ನನ್ನೇ ಅಟ್ಟವ್ನೆ ಇವ್ನು."

ಹುಡುಗ ವ್ಯಾನಿಗೆ ಹೋಗಿ ಒಂದು ಕ್ಯಾನು ತಂದ. "ಇದು ನಮ್ ಮಾವನ್ ಮನೇದು. ಈಗ್ತಾನೆ ಹಾಕಿಸ್ಕಂಡೆ. ಇದಾಯ್ತದಾ?"

ಆರು ಲೀಟರ್. ನಿರ್ದೇಶಕರ ಹೆಸರಿಗೆ ಬರೆದುಕೊಂಡೆ. ಇನ್ನೂರ ಎರಡು. ಗಡಿಯಾರ ಏಳೂವರೆಗೆ ಢಣ್ ಅಂತ ಒಂದು ಸಲ ಹೊಡೆಯಿತು. ಸೂಪರ್‌ವೈಸರ್ ಸೈನು ಹಾಕಿ ಎದ್ದರು. ಅಧ್ಯಕ್ಷರು ಪುಸ್ತಕದ ಹಾಳೆ ತಿರುವುತ್ತಾ, "ಇದು ಯಾವ್ ತಂತ್ರ ಅಂತಲೇ ಸಿಕ್ತಿಲ್ವಲ್ಲ" ಅನ್ನುತ್ತಿದ್ದರು.

"ಪುಸ್ತ್ಕ ಆ ಕಡೆ ಮಡಗ್ಲಾ" ಅಂದಿತು ದೊಡ್ಡವ್ವ. "ಏನಪ್ಪ, ಹುಡ್ಗಿ ಏನ್ ಓದವ್ಳೆ?"

ದೊಡ್ಡವ್ವ ಹೇಳಿದ ಗಂಡು ಪಕ್ಕದೂರಿನ ಕಾರ್ಯದರ್ಶಿಯ ಮಗ. ಮೂರು ತಿಂಗಳಲ್ಲಿ ಪಾಂಡವಪುರದ ಛತ್ರದಲ್ಲಿ ಮದುವೆ. ನಮ್ಮ ಡೈರಿ ಉಳಿದಿದ್ದೇ ಈ ಸಂಬಂಧದಿಂದ, ಏನಾದರೂ ದೊಡ್ಡ ಉಡುಗೊರೆ ಕೊಡಬೇಕು ಅಂತ ಅಧ್ಯಕ್ಷರು ಹಟ ಹಿಡಿದರು. ಏನು ಬೇಕಪ್ಪ ಅಂತ ಗಂಡಿನ ಅಪ್ಪನನ್ನೇ ಕೇಳಿದೆವು. ಅವನು ಬೇಡ ಬೇಡ ಅಂತ ಮೂರು ಸಲ ಅಂದು, ನಾಲ್ಕನೇ ಸಲಕ್ಕೆ ಗಡಿಯಾರ ಅಂದ.

ಛತ್ರದಲ್ಲಿ ಅಧ್ಯಕ್ಷರು ಅದನ್ನ ಮೈಕಿನಲ್ಲಿ ಹೇಳಿ, ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಒಂದೂ ಪೆಟ್ಟು ಹೊಡೆಯದೆ ಗೆದ್ದೆವು ಅಂತ ಭಾಷಣವನ್ನೂ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಪಕ್ಕದೂರಿನ ಕಾರ್ಯದರ್ಶಿ ಗಡಿಯಾರ ಎದೆಗೆ ಅವಚಿಕೊಂಡು ನನ್ನ ಪಕ್ಕ ಬಂದು ಕೂತ.

"ಅಣ್ಣ, ಒಂದ್ ಮಾತು" ಅಂದ. "ತರಬೇತೀಲಿ ನಾನೇನೂ ನಿದ್ದೆ ಮಾಡ್ತಿರ್ಲಿಲ್ಲ."