ಹೇಳಿಕೆ ಇಲ್ಲದ ಓಟ

ಊರಿಗೆಲ್ಲ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಕೊಡುವವನಿಗೆ ಯಾರೂ ಆಮಂತ್ರಣ ಕೊಡುವುದಿಲ್ಲ. ಕುಂದಾಪುರದ ಒಂದು ಓಣಿಯಲ್ಲಿ ಇಪ್ಪತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿ ನಾನು ಕಂಡುಕೊಂಡ ಸತ್ಯ ಇದೊಂದೇ. ಮದುವೆಯ ದಿನ, ಮುಹೂರ್ತ, ಸಭಾಭವನ, ಹುಡುಗನ ಅಜ್ಜನ ಹೆಸರಿನ ಹಿಂದೆ 'ದಿವಂಗತ' ಬೇಕೋ ಬೇಡವೋ ಎಂಬುದೆಲ್ಲ ನೆಂಟರಿಗಿಂತ ಮೊದಲು ನನಗೆ ಗೊತ್ತಿರುತ್ತದೆ. ಗೊತ್ತಿರುವವನಿಗೆ ಮತ್ತೆ ಹೇಳುವುದೇನು ಎಂದುಕೊಂಡು ಗಿರಾಕಿಗಳು ಕಟ್ಟು ಹೊತ್ತುಕೊಂಡು ಹೋಗಿಬಿಡುತ್ತಾರೆ. ನಾನು ಕೈಗಂಟಿದ ಮಸಿ ಒರೆಸಿಕೊಂಡು ಮನೆಗೆ ಹೋಗಿ ಗಂಜಿ ಉಣ್ಣುತ್ತೇನೆ. ಹೊರಗಿನವರ ವಿಷಯದಲ್ಲಿ ಇದರಿಂದ ನನಗೇನೂ ಬೇಸರವಿಲ್ಲ. ಬೇಸರವಾಗಿದ್ದು ಒಡಹುಟ್ಟಿದ ಅಕ್ಕನೂ ಹಾಗೆಯೇ ಮಾಡಿದಾಗ.

ನಮ್ಮ ಕಡೆ ಕರೆಯುವುದಕ್ಕೆ 'ಹೇಳಿಕೆ' ಎನ್ನುತ್ತಾರೆ. ಬರಿಯ ಕಾಗದ ಕೈಗಿಟ್ಟರೆ ಅದು ಹೇಳಿಕೆಯಲ್ಲ. ಮನೆಗೆ ಬರಬೇಕು, ಕುಳಿತುಕೊಳ್ಳಬೇಕು, ಬೆಲ್ಲ ನೀರು ಕುಡಿಯಬೇಕು, ಮನೆಯವರ ಮಂಡಿನೋವು, ದನದ ಹಾಲು ಎಲ್ಲ ವಿಚಾರಿಸಬೇಕು, ಎದ್ದು ಹೊರಡುವಾಗ ಕಾಗದ ಕೊಟ್ಟು ಎಲ್ಲರೂ ಬರಬೇಕೆಂದು ಬಾಯಿಬಿಟ್ಟು ಹೇಳಬೇಕು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮದುವೆ ಕಾಗದ ಕೊಟ್ಟರೆಂದು ಎರಡು ತಲೆಮಾರು ಮಾತು ಬಿಟ್ಟ ಮನೆಗಳು ನನಗೆ ಗೊತ್ತು. ಆ ಮನೆಗಳ ಕಾಗದಗಳನ್ನು ಅಚ್ಚು ಹಾಕಿದವನೂ ನಾನೇ. ಇಂಥ ಅನಾಹುತ ತಪ್ಪಲಿ ಎಂದು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಪತ್ರಿಕೆಯ ಅಡಿಯಲ್ಲಿ ಜಾಗ ಉಳಿದರೆ ಸಣ್ಣ ಅಕ್ಷರದಲ್ಲಿ 'ಖುದ್ದು ಬಂದು ಕರೆಯಲು ಸಮಯಾಭಾವವಿರುವುದರಿಂದ ಇದನ್ನೇ ವೈಯಕ್ತಿಕ ಆಮಂತ್ರಣವೆಂದು ಭಾವಿಸಬೇಕಾಗಿ ವಿನಂತಿ' ಎಂದು ಒಂದು ಸಾಲು ಸೇರಿಸಿಬಿಡುವುದು. ಗಿರಾಕಿ ಕೇಳಬೇಕೆಂದಿಲ್ಲ. ಜಾಗ ಖಾಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಅಕ್ಕ, ಬಾವ ಬಹಳ ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ, ಊರಿಗೆ ಮರಳಿ ಬಸ್ರೂರಿನ ರಸ್ತೆ ಬದಿಯಲ್ಲೇ ಹೊಸ ಮನೆ ಕಟ್ಟಿದರು. ಗೃಹಪ್ರವೇಶದ ಕಾಗದಕ್ಕೆ ಅಕ್ಕ ತಾನೇ ಪ್ರೆಸ್ಸಿಗೆ ಬಂದಳು. ತನ್ನ ಕೈಯಲ್ಲೇ ಬರೆದುಕೊಂಡು ಬಂದಿದ್ದ ಹಾಳೆ ಕೊಟ್ಟಳು. ನಾನು ತರಿಸಿದ ಚಾ ಕುಡಿದಳು. ಎರಡು ದಿನ ಬಿಟ್ಟು ಬಂದು ಮುನ್ನೂರು ಕಾಗದ ಚೀಲಕ್ಕೆ ತುಂಬಿಕೊಂಡು, "ಬತ್ತೆ ಶೀನ" ಎಂದು ಹೊರಟೇಬಿಟ್ಟಳು. ಸರಿ, ಪ್ರೆಸ್ಸಿನಲ್ಲಿ ಹೇಳುವುದು ಮರ್ಯಾದೆಯಲ್ಲವೆಂದು ಮನೆಗೇ ಬರುತ್ತಾಳೆ ಎಂದು ನಾನು ಕಾದೆ. ಒಂದು ವಾರ ಕಾದೆ. ಸಂಜೆ ಹೊತ್ತು ಎಲ್ಲಿಗೂ ಹೋಗದೆ ಒಗೆದ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತೆ. ಅವಳು ಬರಲಿಲ್ಲ. ನನ್ನ ಹೆಂಡತಿ ಮಾತ್ರ ನನ್ನ ಮರ್ಯಾದೆಯ ಲೆಕ್ಕಕ್ಕೆ ಸಿಗುವವಳಲ್ಲ. "ನಿಮ್ಗ್ ಹೇಳ್ಕಿ ಇಲ್ಲೆ ಅಂದ್ರೆ ನೀವ್ ಮನಿಯಂಗೇ ಕೂಕಣಿ. ನಂಗ್ ಅತ್ತಿಗಿ ಫೋನಂಗ್ ಹೇಳಿರ್, ನಾನ್ ಹೋತೆ" ಎಂದು ಪಟ್ಟೆಸೀರೆ ಉಟ್ಟು ಮಕ್ಕಳನ್ನು ಕರೆದುಕೊಂಡು ಹೋಗಿ ಹೋಳಿಗೆ ತಿಂದು ಬಂದಳು. ನನಗೂ ನಾಲ್ಕು ಕಟ್ಟಿಸಿಕೊಂಡು ಬಂದಿದ್ದಳು. ತಿನ್ನಬಾರದೆಂದುಕೊಂಡೆ. ಎರಡು ತಿಂದೆ.

ಅಲ್ಲಿಂದ ನಾಲ್ಕು ವರ್ಷ ನಾನು ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಜಗಳವೇನೂ ಆಡಿರಲಿಲ್ಲ. ಜಗಳವಾಡಿದರೆ ರಾಜಿಯಾಗುವ ಅಪಾಯವಿರುತ್ತದೆ. ಬೇರೆಯವರ ಮದುವೆಗಳಲ್ಲಿ ಎದುರಾದರೆ ನಾನು ಚಪ್ಪರದ ಅಲಂಕಾರ ನೋಡುತ್ತಿದ್ದೆ, ಅವಳು ನನ್ನನ್ನು ನೋಡುತ್ತಿದ್ದಳು.

ಹೀಗಿರುವಾಗ ಒಂದು ಫೆಬ್ರವರಿಯಲ್ಲಿ ಊರಿನ ಕೆಲವು ಉತ್ಸಾಹಿಗಳು ಏಪ್ರಿಲ್ಲಿಗೆ ಅರ್ಧ ಮ್ಯಾರಥಾನ್ ಎಂದೊಂದನ್ನು ಏರ್ಪಡಿಸಿ, ಅದರ ನೋಟೀಸು ಅಚ್ಚು ಹಾಕಿಸಲು ನನ್ನಲ್ಲಿಗೆ ಬಂದರು. ಇಪ್ಪತ್ತೊಂದು ಕಿಲೋಮೀಟರು ಓಟ, ಮೂರು ತಾಸಿನ ಗಡುವು. ನೋಟೀಸಿನ ತಪ್ಪು ತಿದ್ದುತ್ತಿದ್ದಾಗ ಓಟದ ದಾರಿ ಕಣ್ಣಿಗೆ ಬಿತ್ತು: ಕುಂದಾಪುರದ ಮೈದಾನದಿಂದ ಹೊರಟು, ಬಸ್ರೂರು ದಾಟಿ, ಮುಂದೊಂದು ಕಡೆ ತಿರುಗಿ ಅದೇ ದಾರಿಯಲ್ಲಿ ವಾಪಸು. ಅಂದರೆ ಅಕ್ಕನ ಗೇಟಿನ ಮುಂದೆ ಎರಡು ಸಲ. ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಯಾಕೆ ಓಡಲು ಹೊರಟೆ ಎಂದು ಕೇಳಿದವರಿಗೆಲ್ಲ ಸಕ್ಕರೆ ಕಾಯಿಲೆಯ ಹೆದರಿಕೆ ಎಂದು ಹೇಳಿದ್ದೇನೆ. ಸುಳ್ಳು. ಅಕ್ಕ ಗೇಟಿನಲ್ಲಿ ನಿಂತಿರಬೇಕು, ನಾನು ಎದೆಗೆ ನಂಬರು ಕಟ್ಟಿಕೊಂಡು ಅತ್ತ ತಿರುಗಿಯೂ ನೋಡದೆ ಗಂಭೀರವಾಗಿ ಓಡಿಹೋಗಬೇಕು. ನಾಲ್ಕು ವರ್ಷದ ನನ್ನ ಮರ್ಯಾದೆ ಆ ಹತ್ತು ಮಾರು ರಸ್ತೆಯಲ್ಲಿತ್ತು. ಉಳಿದ ಇಪ್ಪತ್ತೊಂದು ಕಿಲೋಮೀಟರು ಅದಕ್ಕೆ ಹೊಂದಿಸಿಕೊಂಡ ನೆಪ.

ಎರಡು ತಿಂಗಳು ಕೋಡಿಯ ಕಡಲ ಬದಿಯಲ್ಲಿ ಅಭ್ಯಾಸ ಮಾಡಿದೆ. ಮೊದಲ ದಿನ ನಾಯಿಗಳು ಅಟ್ಟಿಸಿಕೊಂಡು ಬಂದದ್ದರಿಂದ ಒಳ್ಳೆಯ ವೇಗ ಸಿಕ್ಕಿತು. ಅವಕ್ಕೆ ನನ್ನ ಪರಿಚಯವಾದ ಮೇಲೆ ಅಂಥ ವೇಗ ಮತ್ತೆ ಸಿಗಲಿಲ್ಲ. "ಮಂಡಿ ಸಮ ಇತ್ತಾ ನಿಮ್ಗೆ?" ಎಂದು ಹೆಂಡತಿ ದಿನಾ ಬೆಳಿಗ್ಗೆ ವಿಚಾರಿಸುತ್ತಿದ್ದಳು. ನಮ್ಮ ಕಡೆಯ ಮಾತಿನಲ್ಲಿ ಮಂಡಿ ಎಂದರೆ ಮಂಡೆ, ತಲೆ. ಕಾಲಿನ ಮಂಡಿಯ ಬಗ್ಗೆ ಯಾರೂ ಕೇಳಲಿಲ್ಲ.

ನೋಟೀಸಿನಲ್ಲಿ 'ಬೆಳಿಗ್ಗೆ ಐದೂವರೆಗೆ ಸರಿಯಾಗಿ' ಎಂದು ಅಚ್ಚಾಗಿತ್ತು. ಈ 'ಸರಿಯಾಗಿ' ಎಂಬ ಪದವನ್ನು ನಾನು ಸಾವಿರಾರು ಸಲ ಅಚ್ಚು ಹಾಕಿದ್ದೇನೆ, ಒಮ್ಮೆಯೂ ಅದು ನಡೆದದ್ದನ್ನು ಕಂಡಿಲ್ಲ. ಬಾವುಟ ಬೀಸಬೇಕಾದ ಅತಿಥಿಗಳು ಬಂದಾಗ ಏಳು ಗಂಟೆ. ಅಷ್ಟಾದ ಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು. ಅತಿಥಿಗಳು ಎರಡೇ ಮಾತು ಎಂದು ಶುರುಮಾಡಿ ಓಟದಿಂದ ಆರೋಗ್ಯಕ್ಕಾಗುವ ಲಾಭವನ್ನು ನಿಂತಲ್ಲೇ ನಿಂತು ವಿವರಿಸಿದರು. ಓಟ ಶುರುವಾದ ಮೇಲೆ ಸಭೆಯಲ್ಲಿ ಯಾರೂ ಉಳಿಯುವುದಿಲ್ಲವೆಂದು ವಂದನಾರ್ಪಣೆಯನ್ನೂ ಮೊದಲೇ ಮುಗಿಸಿದರು. ನಾವು ಹೊರಟಾಗ ಏಳೂಮುಕ್ಕಾಲು. ಬಿಸಿಲು ನಮಗಿಂತ ಮೊದಲೇ ಹೊರಟಾಗಿತ್ತು.

ನಮ್ಮೂರ ರಸ್ತೆಯಲ್ಲಿ ವಯಸ್ಸಾದವನೊಬ್ಬ ಓಡುತ್ತಿದ್ದರೆ ಅದಕ್ಕೊಂದು ಕಾರಣ ಇರಲೇಬೇಕೆಂಬುದು ಎಲ್ಲರ ನಂಬಿಕೆ. ಮೂರುಕೈ ಎನ್ನುವ ಕೂಡುರಸ್ತೆ ದಾಟುವಷ್ಟರಲ್ಲಿ ಸ್ಕೂಟರಿನವರೊಬ್ಬರು ಪಕ್ಕಕ್ಕೆ ಬಂದು, "ಹ್ವಾಯ್ ಶೀನಣ್ಣ, ಬಸ್ ತಪ್ಪಿತಾ? ಹತ್ಕಣಿ, ಬಿಡ್ತೆ" ಎಂದರು. ಬೇಡವೆಂದರೆ ಅವರಿಗೆ ಬೇಸರ. ಎದೆಯ ನಂಬರು ತೋರಿಸಿದರೆ, "ಹಾಂಗಾರೆ ಬ್ಯಾಗಾರೂ ಕೊಡಿ" ಎಂದರು. ನನ್ನಲ್ಲಿ ಬ್ಯಾಗಿರಲಿಲ್ಲ. ಆಮೇಲೆ ಒಬ್ಬ ಗಿರಾಕಿ ಬೈಕಿನಲ್ಲಿ ನನ್ನ ವೇಗಕ್ಕೇ ಬಂದು, ಅರ್ಧ ಕಿಲೋಮೀಟರು ಜೊತೆಗಿದ್ದು, ಮಗಳ ಮದುವೆ ಕಾಗದದಲ್ಲಿ ಗಣಪತಿ ಸಣ್ಣದಾಯಿತು, ಅತ್ತೆಯ ಹೆಸರು ಬಿಟ್ಟುಹೋಗಿದೆ ಎಂದು ದೂರಿದರು. ಏದುಸಿರಿನಲ್ಲಿ ನಾನು ಎಲ್ಲದಕ್ಕೂ ಹೂಂಗುಟ್ಟಿದೆ. ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನಿನ ಕಾವೇರಿ ಬಸ್ರೂರಿನ ಕಡೆಗೇ ಹೋಗುತ್ತಿದ್ದಳು. ನಮ್ಮ ಮನೆಗೂ ಅಕ್ಕನ ಮನೆಗೂ ಮೀನು ಕೊಡುವವಳು ಅವಳೇ. "ಮೀನ್ ಬ್ಯಾಡ್ದಿರೆ ಬ್ಯಾಡ ಅನ್ನಿ. ಓಡಿ ಹೋಪುದ್ ಎಂತಕೆ?" ಎಂದು ಹಿಂದಿನಿಂದ ಕೂಗಿದಳು.

ಎಂಟನೆಯ ಕಿಲೋಮೀಟರಿಗೆ ಅಕ್ಕನ ಮನೆ ಕಂಡಿತು. ಅಲ್ಲಿಯ ತನಕ ನಾನು ಓಡಿದ್ದು ಸ್ವಲ್ಪ, ನಡೆದದ್ದು ಸ್ವಲ್ಪ, ನಿಂತದ್ದೂ ಸ್ವಲ್ಪ. ಗೇಟು ಕಂಡದ್ದೇ ಹೊಟ್ಟೆ ಒಳಗೆಳೆದುಕೊಂಡೆ, ತಲೆ ಎತ್ತಿದೆ, ಉಳಿದಿದ್ದ ಉಸಿರನ್ನೆಲ್ಲ ಖರ್ಚು ಮಾಡಿ, ಅಭ್ಯಾಸದ ಎರಡು ತಿಂಗಳಲ್ಲಿ ಒಮ್ಮೆಯೂ ಓಡದಷ್ಟು ಚೆಂದವಾಗಿ ಓಡಿದೆ. ಅತ್ತ ನೋಡಬಾರದು ಎಂದುಕೊಂಡಿದ್ದರೂ ಓರೆಗಣ್ಣು ಕೇಳಲಿಲ್ಲ. ಸಿಟೌಟಿನಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲೆ ಬಾವನ ಬನಿಯನ್ ಒಣಗುತ್ತಿತ್ತು. ನನ್ನ ನಾಲ್ಕು ವರ್ಷದ ಗಾಂಭೀರ್ಯ ಆ ಬನಿಯನ್ನಿನ ಮುಂದೆ ಹಾದುಹೋಯಿತು.

ಆಮೇಲೆ ಓಡಲು ಕಾರಣವೇ ಉಳಿಯಲಿಲ್ಲ. ಆದರೂ ವಾಪಸು ಬರುವಾಗ ಇನ್ನೊಂದು ಅವಕಾಶ ಇದೆಯಲ್ಲ ಎಂದು ತಿರುವಿನ ತನಕ ಹೋದೆ. ಹತ್ತು ಗಂಟೆ ಹತ್ತಿರವಾಗಿತ್ತು. ಡಾಂಬರು ಮೆತ್ತಗಾಗಿ ಶೂಗೆ ಅಂಟುತ್ತಿತ್ತು. ನೀರು ಕೊಡಲು ನಿಂತಿದ್ದವರು ಮುಂದಿನವರಿಗೆಲ್ಲ ಕೊಟ್ಟು ಮುಗಿಸಿ ಮೇಜು ಮಡಚುತ್ತಿದ್ದರು. ಹದಿಮೂರನೆಯ ಕಿಲೋಮೀಟರಿಗೆ ನಾನು ಮುಟ್ಟಿದಾಗ ಗಾಂಭೀರ್ಯ ಹಾಗಿರಲಿ, ಮುಖದಲ್ಲಿ ಮೂಗು ಬಾಯಿಗಳೂ ಅವುಗಳ ಜಾಗದಲ್ಲಿ ಇದ್ದವೋ ಇಲ್ಲವೋ. ಮತ್ತು ಸರಿಯಾಗಿ ಆ ಹೊತ್ತಿಗೇ ರಸ್ತೆಯ ನಡುವೆ ಅಕ್ಕ ನಿಂತಿದ್ದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ನಿಮ್ಮ ತಮ್ಮ ಈ ಬದಿಗೆ ಓಡಿಕೊಂಡು ಹೋದರು, ಎಂತದೋ ಆಗಿರಬೇಕು ಎಂದು ಕಾವೇರಿ ಮೀನಿನ ಜೊತೆ ಸುದ್ದಿಯನ್ನೂ ಇಳಿಸಿ ಹೋಗಿದ್ದಳು.

"ಕುಡಿ" ಎಂದಳು ಅಕ್ಕ.

"ನಿಲ್ಲುಕ್ ಆತಿಲ್ಲೆ ಅಕ್ಕ, ಟೈಮಿನ್ ಲೆಕ್ಕ ಇತ್ತ್" ಎಂದೆ.

"ನೀನ್ ನಿಂತ್ಕಂಡೇ ಅಲ್ದಾ ಮಾತಾಡುದ್?"

ಹೌದು, ನಾನು ಯಾವಾಗಲೋ ನಿಂತಿದ್ದೆ. ಬೆಲ್ಲ ಕಚ್ಚಿ ಚೊಂಬು ಪೂರ್ತಿ ಕುಡಿದೆ. ಗೇಟಿನ ಹೊರಗೇ ನಿಂತು ಕುಡಿದೆ, ಅದನ್ನು ಗಮನಿಸಬೇಕು. ಒಳಗಿನಿಂದ ಬಾವ ಪೇಪರು ಇಳಿಸಿ, "ಬನ್ನಿ ಮಾರಾಯ್ರೆ ಒಳ್ಗೆ, ಓಟ ಎಲ್ಲಿಗ್ ಹೋತ್ತ್?" ಎಂದರು. ನಾನು ಅಕ್ಕನ ಮುಖ ನೋಡದೆ, ಹೇಳಿಕೆ ಇಲ್ಲದ ಮನೆಗೆ ನಾನು ಬರುವವನಲ್ಲ ಎಂದೆ. ನಾಲ್ಕು ವರ್ಷದಿಂದ ಕನ್ನಡಿಯ ಮುಂದೆ ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತು. ಬಾಯಲ್ಲಿ ಬೆಲ್ಲ ಇದ್ದುದರಿಂದ ಅಷ್ಟು ಖಾರವಾಗಿ ಬರಲಿಲ್ಲ.

ಅಕ್ಕ ನನ್ನ ಎದೆಯ ನಂಬರು ನೋಡಿದಳು. "ಈ ಓಟಕ್ಕೆ ನಿನ್ನ ಮನಿಗ್ ಬಂದ್ ಹೇಳ್ಕಿ ಮಾಡದ್ದ್ ಯಾರ್?"

ನಾನು ಬಾಯಲ್ಲಿ ಉಳಿದಿದ್ದ ಬೆಲ್ಲ ನುಂಗಿದೆ.

"ನೋಟೀಸ್ ಅಚ್ಚ್ ಹಾಕದ್ದ್ ಯಾರ್?"

"ನಾನೇ."

"ನೀನೇ ಅಚ್ಚ್ ಹಾಕಿ, ನೀನೇ ಓದಿ, ಈ ಬಿಸ್ಲಂಗೆ ಸಾಯುಕ್ ಬಂದ್ಯಲ. ನನ್ನ ಮನಿ ಕಾಗ್ದ ಅಚ್ಚ್ ಹಾಕದ್ದೂ ನೀನೇ ಅಲ್ದಾ? ಅದನ್ನ್ ಓದ್ಕಂಡ್ ಬಪ್ಪುಕ್ ಆಯಿಲ್ಯಾ?" ಅಷ್ಟು ಹೇಳಿ ಚೊಂಬು ತೆಗೆದುಕೊಂಡಳು. ಆಮೇಲೆ ದನಿ ತಗ್ಗಿಸಿ, "ಊರಿನೋರಿಗ್ ಹೇಳ್ಕಿ. ಒಡಹುಟ್ಟಿದೋನಿಗ್ ಎಂತ ಹೇಳ್ಕಿ ಅಂದ್ಕಂಡೆ ನಾನ್. ನಿಂಗ್ ಅಂತ ಒಂದ್ ಎಲಿ ಹಾಕ್ಸಿ ಇಟ್ಟಿದ್ದೆ. ಮೂರ್ ಗಂಟಿ ತನ್ಕ" ಎಂದಳು.

ನನಗೆ ನಾಚಿಕೆಯಾಯಿತು. ಮುಖ ಬಿಸಿಲಿಗೆ ಮೊದಲೇ ಕೆಂಪಾಗಿದ್ದರಿಂದ ಹೊರಗೆ ಕಾಣಲಿಲ್ಲ ಎಂದುಕೊಂಡಿದ್ದೇನೆ. ಮುಖ ತೊಳೆದು ಹೋಗುತ್ತೇನೆ, ಅಷ್ಟೇ, ಎಂದು ಗೇಟಿನ ಒಳಗೆ ಕಾಲಿಟ್ಟೆ. ತೊಳೆದ ಮೇಲೆ ಒರೆಸಿಕೊಳ್ಳಲು ಕುಳಿತೆ. ಕುಳಿತವನ ಮುಂದೆ ನೀರುದೋಸೆಯೂ ನಿನ್ನೆಯ ಮೀನು ಸಾರೂ ಬಂದವು. ಏಳನೆಯ ದೋಸೆಯ ಹೊತ್ತಿಗೆ ಓಟದ ಹಿಂದಿನಿಂದ ಬರುವ ಜೀಪು ಗೇಟಿನಲ್ಲಿ ನಿಂತಿತು. ಅದರಲ್ಲಿದ್ದವರು ನನ್ನ ನಂಬರು ನೋಡಿ, ಕೊನೆಯವರು ನೀವೇ, ಓಡುತ್ತೀರೋ ಹತ್ತುತ್ತೀರೋ ಎಂದು ಕೇಳಿದರು. ಅಕ್ಕ ನನ್ನ ಪರವಾಗಿ, "ಅವ ಬತ್ತಿಲ್ಲೆ. ನೀವೂ ಇಳೀನಿ, ದೋಸೆ ಇತ್ತ್" ಎಂದಳು. ಅವರು ಇಳಿದರು.

ಮಧ್ಯಾಹ್ನ ಬಾವ ಸ್ಕೂಟರಿನಲ್ಲಿ ಪ್ರೆಸ್ಸಿಗೆ ಬಿಟ್ಟುಹೋದರು. ಓಟದ ಪ್ರಮಾಣಪತ್ರ ಅಚ್ಚು ಹಾಕಿದ್ದೂ ನಾನೇ. ಹೆಚ್ಚಿಗೆ ಉಳಿದ ನಾಲ್ಕು ಪ್ರತಿ ಮೇಜಿನ ಮೇಲೆಯೇ ಇದ್ದವು. 'ಇವರು ಓಟವನ್ನು ಯಶಸ್ವಿಯಾಗಿ ಪೂರೈಸಿರುತ್ತಾರೆ' ಎಂಬುದರ ಹಿಂದೆ ಹೆಸರಿಗೆ ಬಿಟ್ಟ ಜಾಗ ಖಾಲಿ. ಖಾಲಿ ಜಾಗ ಕಂಡರೆ ನನ್ನ ಕೈ ಹೇಗೆಂದು ಆಗಲೇ ಹೇಳಿದ್ದೇನೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ, ಮತ್ತೆ ಹಾಕಿಬಿಟ್ಟೆ. ಅದರ ಬದಲು ಗಿರಾಕಿಗಳಿಗೆ ತೋರಿಸುವ ಮಾದರಿ ಕಾಗದಗಳ ಆಲ್ಬಮ್ ಇಳಿಸಿದೆ. ಅಕ್ಕನ ಗೃಹಪ್ರವೇಶದ ಕಾಗದ ಅದರ ಮೊದಲ ಪುಟದಲ್ಲೇ ಇದೆ. ಕೆಲಸ ಚೆನ್ನಾಗಿ ಬಂದಿದೆಯೆಂದು ನಾಲ್ಕು ವರ್ಷದಿಂದ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದೆ, ಆದರೆ ಓದಿರಲಿಲ್ಲ. ಓದಿದೆ. ಎಲ್ಲಕ್ಕಿಂತ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, 'ಇದನ್ನೇ ವೈಯಕ್ತಿಕ ಆಮಂತ್ರಣವೆಂದು ಭಾವಿಸಬೇಕಾಗಿ ವಿನಂತಿ' ಎಂದಿತ್ತು. ಕಾಗದದ ಹಿಂದೆ ಪಿನ್ನು ಹಾಕಿ ಇಟ್ಟಿದ್ದ ಅಕ್ಕನ ಹಾಳೆಯನ್ನೂ ತೆಗೆದು ನೋಡಿದೆ. ಅವಳು ಬರೆದುಕೊಟ್ಟದ್ದರಲ್ಲಿ ಆ ಸಾಲು ಇರಲಿಲ್ಲ.

ಅಂದರೆ ಅಕ್ಕನ ಮನೆಗೆ ನನಗೆ ಹೇಳಿಕೆ ಇತ್ತು. ಮಾಡಿದವನು ನಾನೇ. ಹೋಗದೆ ಉಳಿದವನೂ ನಾನೇ.