ಅಜ್ಜಿ ಎಂಬ ಕವಾಟ

ಕವಾಟ ಎಂದರೆ ಬಾಗಿಲು ಎಂದು ತೂಕಡಿಕೆ ಎಂಬ ಗೆಳತಿ ಬಾಯಿ ಬಿಡದೇ ಹೋಗಿದ್ದರೆ, ಆ ರಜೆಯ ದಿನ ಚಿಗರೆಯ ಮನೆಯಲ್ಲಿ ಅಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ.

ಚಿಗರೆ ಎಂಬುದು ಶಾಲೆ ಕೊಟ್ಟ ಹೆಸರು. ಓಟದಲ್ಲಿ ಅವಳ ಬೆನ್ನು ಕಂಡವರೇ ಎಲ್ಲ, ಮುಖ ಕಂಡವರಿಲ್ಲ. ಶನಿವಾರ ಬೆಳಗ್ಗೆ ಅಂತರಶಾಲಾ ರಿಲೇ ಓಟ, ಕೊನೆಯ ಸುತ್ತು ಅವಳದು. ಆದರೆ ಜೀವಶಾಸ್ತ್ರದ ಕಿರುಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಕ್ಕೆ ಮೂರು ಬಂದಿತ್ತು. "ಮರುಪರೀಕ್ಷೆ ಪಾಸಾಗದಿದ್ರೆ ಮೈದಾನದ ಕಡೆ ತಲೆ ಹಾಕಿಯೂ ಮಲಗಬೇಡ" ಎಂದು ಜೀವಶಾಸ್ತ್ರದ ಮಿಸ್ ಖಡಾಖಂಡಿತವಾಗಿ ಹೇಳಿದ್ದರು.

ಮರುಪರೀಕ್ಷೆ ಆ ರಜೆಯ ದಿನವೇ, ಮಧ್ಯಾಹ್ನ ಮೂರಕ್ಕೆ ಶಾಲೆಯಲ್ಲಿ. ಬರೆಯುವವರು ಮೂವರು. ಚಿಗರೆ ಒಬ್ಬಳು. ಪ್ರತಿ ಉತ್ತರವನ್ನೂ ಅರ್ಧಕ್ಕೆ ನಿಲ್ಲಿಸುವ ಅರ್ಧಂಬರ್ಧ ಇನ್ನೊಬ್ಬ. ಪ್ರಶ್ನೆಪತ್ರಿಕೆಯ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗಿದ್ದ ತೂಕಡಿಕೆ ಮೂರನೆಯವಳು. ಪಾಠ ಒಂದೇ, ಹೃದಯ. ಮೂವರೂ ಒಬ್ಬರಿಗೊಬ್ಬರು ಹೇಳಿಕೊಟ್ಟು ಪಾಸಾಗಿಯೇ ತೀರುವುದೆಂದು ಬೆಳಗ್ಗೆ ಎಂಟಕ್ಕೇ ಚಿಗರೆಯ ಮನೆಯಲ್ಲಿ ಸೇರಿದ್ದರು.

ಒಂಬತ್ತೂವರೆಯಾದರೂ ಚಿಗರೆಯ ತಲೆಗೆ ಏನೂ ಹತ್ತಲಿಲ್ಲ. "ಹೃತ್ಕರ್ಣ, ಹೃತ್ಕುಕ್ಷಿ, ಅಪಧಮನಿ, ಅಭಿಧಮನಿ... ಯಾವುದು ಎಲ್ಲಿಗೆ ಹೋಗುತ್ತೋ ಯಾರಿಗೆ ಗೊತ್ತು! ಕೂತ್ಕೊಂಡು ಓದಿದ್ರೆ ನಂಗೆ ಏನೂ ಬರಲ್ಲ ಕಣೋ. ನನ್ನ ಬುದ್ಧಿ ಇರೋದೆಲ್ಲ ಕಾಲಲ್ಲಿ."

"ಮಧ್ಯದಲ್ಲಿ ಕವಾಟ ಇರುತ್ತೆ," ಎಂದಳು ತೂಕಡಿಕೆ ಅರೆಗಣ್ಣಿನಲ್ಲಿ. "ಕವಾಟ ಅಂದ್ರೆ ಬಾಗಿಲು ಅಷ್ಟೇ. ಒಂದೇ ಕಡೆ ಬಿಡುತ್ತೆ, ವಾಪಸ್ ಬಿಡಲ್ಲ."

ಚಿಗರೆ ತಲೆಯೆತ್ತಿ ಬಾಗಿಲು ನೋಡಿದಳು. ಅಡುಗೆಮನೆಗೂ ಹಜಾರಕ್ಕೂ ನಡುವಿನ ಆ ಬಾಗಿಲಲ್ಲಿ ಅಜ್ಜಿ ಕುರ್ಚಿ ಹಾಕಿಕೊಂಡು, ಊರುಗೋಲನ್ನು ಅಡ್ಡ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ಚಿಗರೆಗೆ ತಟ್ಟನೆ ಹೊಳೆಯಿತು.

ಅಪ್ಪನೂ ದೊಡ್ಡಪ್ಪನೂ ಪಾಲಾದಾಗ ಆ ಮನೆಯ ನಡುವೆ ಗೋಡೆ ಎದ್ದಿತ್ತು. ಬಲಕ್ಕೆ ಇವರದು, ಎಡಕ್ಕೆ ದೊಡ್ಡಪ್ಪನದು. ಎರಡು ಕಡೆಯೂ ಹಿಂದೆ ಅಡುಗೆಮನೆ, ಮುಂದೆ ಹಜಾರ. ಗೋಡೆಯಲ್ಲಿ ಕಿಂಡಿಯೂ ಇಲ್ಲ.

"ನಾಲ್ಕು ಕೋಣೆ, ನಡುವೆ ಗೋಡೆ! ನಮ್ಮನೇನೇ ಹೃದಯ ಕಣ್ರೋ!" ಎಂದು ಚಿಗರೆ ಎದ್ದು ನಿಂತಳು. "ನಮ್ಮ ಅಡುಗೆಮನೆ ಬಲ ಹೃತ್ಕರ್ಣ, ಈ ಹಜಾರ ಬಲ ಹೃತ್ಕುಕ್ಷಿ. ಇಲ್ಲಿಂದ ಹೊರಗೆ ಬಿದ್ರೆ ಶ್ವಾಸಕೋಶ. ಅಲ್ಲಿ ಗಾಳಿ ತುಂಬಿಸ್ಕೋಬೇಕು."

ಗಾಳಿಗೇನು ಬರ? ಬೀದಿಯಾಚೆ ಪಂಕ್ಚರ್ ಅಂಗಡಿಯಿತ್ತು.

"ಅಲ್ಲಿಂದ ಸಂದಿಯಲ್ಲಿ ಸುತ್ತಿಕೊಂಡು ಹೋದ್ರೆ ದೊಡ್ಡಮ್ಮನ ಅಡುಗೆಮನೆ, ಎಡ ಹೃತ್ಕರ್ಣ. ಅವರ ಹಜಾರ ಎಡ ಹೃತ್ಕುಕ್ಷಿ. ಅಲ್ಲಿಂದ ಆಚೆ ಬಂದು ಊರೆಲ್ಲ ಸುತ್ತಿ ಮತ್ತೆ ನಮ್ಮ ಹಿತ್ತಲಿಗೆ!"

ದಾರಿ ಸರಿಯಿತ್ತು. ತೊಡಕು ಒಂದೇ, ಎರಡು ವರ್ಷದಿಂದ ದೊಡ್ಡಮ್ಮ ಈ ಕಡೆಯವರನ್ನು ಹೊಸ್ತಿಲು ದಾಟಿಸಿರಲಿಲ್ಲ. ಚಿಗರೆ ಹೋಗಿ ಕೈ ಮುಗಿದಳು. "ದೊಡ್ಡಮ್ಮ, ಶನಿವಾರದ ಓಟ ನಿಮ್ಮ ಕೈಲಿದೆ. ನಿಮ್ಮ ಮನೇಲಿ ಶುದ್ಧ ರಕ್ತ ಹರಿಯುತ್ತೆ, ಒಂದೆರಡು ಗಂಟೆ ಬಿಡಿ."

"ಶುದ್ಧ ರಕ್ತವಾ?" ದೊಡ್ಡಮ್ಮನ ಮುಖ ಅರಳಿತು. "ಪುಸ್ತಕದಲ್ಲೇ ಇದೆಯೇನೇ? ಬಾ ಬಾ, ಎಷ್ಟು ಸಲ ಬೇಕಾದ್ರೂ ಓಡಾಡು."

ಇದು ಗೋಡೆಯಾಚೆಗೆ ಕೇಳಿಸಿತು. ಅಮ್ಮ ಸೌಟು ಹಿಡಿದೇ ಬಂದಳು. "ಅವರ ಕಡೆ ಶುದ್ಧ ಆದ್ರೆ, ನಮ್ಮ ಕಡೆ?"

"ಮಲಿನ ರಕ್ತ, ಆಂಟಿ," ಎಂದ ಅರ್ಧಂಬರ್ಧ. ಅವನು ಜೀವನದಲ್ಲಿ ಪೂರ್ತಿಯಾಗಿ ಕೊಟ್ಟ ಮೊದಲ ಉತ್ತರ ಅದು.

"ಬೆಳಗ್ಗೆ ಎದ್ದು ನೆಲ ಒರೆಸಿದ್ದೀನಿ! ನಮ್ಮನೇಲಿ ಮಲಿನವಾ? ಅದಲು ಬದಲು ಮಾಡ್ರೋ!"

"ಅಮ್ಮಾ, ಹೃದಯ ಇರೋದೇ ಹಾಗೆ. ನಾನೇನು ಮಾಡ್ಲಿ?"

"ಅಂಥ ಹೃದಯ ಈ ಮನೇಲಿ ಬೇಡ," ಎಂದು ಅಮ್ಮ ಸಿಡುಕಿ ಒಲೆಯ ಮುಂದೆ ಹೋಗಿ ನಿಂತಳು. ಆದರೆ ಮಗಳ ಓಟದ ಬೂಟು ಮೂಲೆಯಲ್ಲಿ ಕಂಡು ಮನಸ್ಸು ಕರಗಿತು. ಹಿತ್ತಿಲ ಬಾಗಿಲನ್ನು ತಾನೇ ತೆಗೆದಿಟ್ಟಳು.

ರಕ್ತ ಹರಿಯತೊಡಗಿತು. ಮುಂದೆ ಚಿಗರೆ, ಹಿಂದೆ ಅರ್ಧಂಬರ್ಧ, ಅವನ ಅಂಗಿ ಹಿಡಿದು ತೂಕಡಿಕೆ. ಪ್ರತಿ ಕೋಣೆಯಲ್ಲೂ ಅದರ ಹೆಸರು ಕೂಗುವುದು, ಬಾಗಿಲಲ್ಲಿ "ಅಜ್ಜೀ!" ಎಂದು ಕೂಗಿ ದಾಟುವುದು. ಪಂಕ್ಚರ್ ಅಂಗಡಿಯವರು ಪಂಪು ಹಿಡಿದು ಮೂವರ ಮುಖಕ್ಕೂ ಗಾಳಿ ಹೊಡೆದು ಕಳಿಸುತ್ತಿದ್ದರು. "ಒಳ್ಳೆ ಗಾಳಿ ಮಗಳೇ, ಎಂಟು ದಿನ ಇಳಿಯಲ್ಲ."

ತಾನು ಕವಾಟವೆಂದು ತಿಳಿದ ಮೇಲೆ ಅಜ್ಜಿ ನೆಟ್ಟಗೆ ಕೂತರು. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಅವರಿಗೊಂದು ಅಧಿಕಾರ ಸಿಕ್ಕಿತ್ತು. ಆರನೇ ಸುತ್ತಿನಲ್ಲಿ ಚಿಗರೆ ಅಡುಗೆಮನೆಯಲ್ಲಿ ಬಿಟ್ಟ ಪುಸ್ತಕಕ್ಕೆಂದು ಹಿಂತಿರುಗಿದಾಗ ಊರುಗೋಲು ಅಡ್ಡ ಬಂತು.

"ರಕ್ತ ವಾಪಸ್ ಬರೋ ಹಾಗಿಲ್ಲ. ಸುತ್ತಿಕೊಂಡು ಬಾ."

ಹನ್ನೊಂದಕ್ಕೆ ಅಪ್ಪ ಅಡುಗೆಮನೆಯಲ್ಲಿಟ್ಟ ಕನ್ನಡಕಕ್ಕಾಗಿ ಬಂದರು. ಅವರಿಗೂ ಊರುಗೋಲು ಅಡ್ಡ ಬಂತು.

"ಅಮ್ಮಾ, ನಾನು ನಿನ್ನ ಮಗ."

"ನೀನು ಮಲಿನ ರಕ್ತ. ಗಾಳಿ ಹಾಕಿಸ್ಕೊಂಡು, ನಿಮ್ಮಣ್ಣನ ಮನೆ ದಾಟಿಕೊಂಡು ಬಾ."

ಅಪ್ಪ ಎರಡು ವರ್ಷದ ಮೇಲೆ ಅಣ್ಣನ ಹೊಸ್ತಿಲು ತುಳಿದದ್ದು ಹೀಗೆ. ಕಾಫಿ ಕುಡಿದು, ಕನ್ನಡಕವನ್ನೇ ಮರೆತು, ಒಂದು ಗಂಟೆಯ ಮೇಲೆ ಬಂದರು.

ನಲವತ್ತನೇ ಸುತ್ತಿಗೆ ಚಿಗರೆಯ ಕಾಲಿಗೆ ಹೃದಯ ಬಾಯಿಪಾಠವಾಗಿತ್ತು.

ಮೂರು ಗಂಟೆಗೆ ಪ್ರಶ್ನೆಪತ್ರಿಕೆ ಬಂತು. ಒಂದೇ ಪ್ರಶ್ನೆ: ಹೃದಯದ ಮೂಲಕ ರಕ್ತ ಹರಿಯುವ ದಾರಿಯನ್ನು ವಿವರಿಸಿ. ಚಿಗರೆ ಬೆಂಚಿನ ಕೆಳಗೆ ಕಾಲಾಡಿಸುತ್ತ ಒಂದೇ ಉಸಿರಿಗೆ ಬರೆದಳು. ಅರ್ಧಂಬರ್ಧ ಪೂರ್ತಿ ಬರೆದ. ತೂಕಡಿಕೆ ಎಚ್ಚರವಾಗಿದ್ದಳು. ಇಷ್ಟಾದರೂ ಪಾಸಾಗದಿದ್ದರೆ ಆ ದೇವರೇ ಗತಿ.

ಮಿಸ್ ಅಲ್ಲೇ ಕೂತು ತಿದ್ದಿದರು. ಮೊದಲ ಉತ್ತರ ಓದಿ ಹುಬ್ಬೇರಿಸಿದರು. ಎರಡನೆಯದಕ್ಕೆ ಕನ್ನಡಕ ಒರೆಸಿದರು. ಮೂರನೆಯದಕ್ಕೆ ಎದ್ದು ನಿಂತರು.

"ಬಲ ಹೃತ್ಕರ್ಣದ ರಕ್ತವು ಅಜ್ಜಿಯ ಮೂಲಕ ಬಲ ಹೃತ್ಕುಕ್ಷಿಗೆ ಬರುತ್ತದೆ. ಅಜ್ಜಿ ಅದನ್ನು ಹಿಂದಕ್ಕೆ ಬಿಡುವುದಿಲ್ಲ." ಅವರು ಗಟ್ಟಿಯಾಗಿ ಓದಿದರು. "ಒಬ್ಬರಿಗೆ ತಪ್ಪಾಗಬಹುದು. ಮೂವರ ಹೃದಯದಲ್ಲೂ ಅಜ್ಜಿ ಹೇಗೆ ಬಂದ್ರು? ಕಾಪಿ! ಮೂವರಿಗೂ ಸೊನ್ನೆ!"

ಚಿಗರೆ ಚಂಗನೆ ಎದ್ದು ನಿಂತಳು. ನಲವತ್ತು ಸುತ್ತು ಓಡಿ, ನಾಲಿಗೆಗೆ ಹತ್ತಿದ ಒಂದು ಅಜ್ಜಿಯಿಂದ ಎಲ್ಲ ನೀರಲ್ಲಿ ಹೋಮವಾಗಿತ್ತು. ಆದರೆ ಅವಳು ಬಿಡುವವಳಲ್ಲ. "ಮಿಸ್, ಕಾಪಿಯಲ್ಲ. ಅಜ್ಜಿ ನಿಜವಾಗ್ಲೂ ಇದ್ದಾರೆ. ನೀವೇ ಬಂದು ನೋಡಿ. ಸುಳ್ಳಾದ್ರೆ ಸೊನ್ನೆ ಕೊಡಿ."

ಮಿಸ್ ಬಂದರು. ಹಿತ್ತಿಲಿನಿಂದ ಅಡುಗೆಮನೆಗೆ ಬಂದು, ಅಜ್ಜಿಯನ್ನು ದಾಟಿ ಹಜಾರಕ್ಕೆ ಕಾಲಿಟ್ಟರು. ಚಪ್ಪಲಿ ಹಿತ್ತಿಲಲ್ಲೇ ಉಳಿಯಿತೆಂದು ಹಿಂತಿರುಗಿದರೆ ಊರುಗೋಲು.

"ಮಿಸ್ ಆದ್ರೂ ಅಷ್ಟೇ, ಯಾರಾದ್ರೂ ಅಷ್ಟೇ. ವಾಪಸ್ ಇಲ್ಲ."

ಮಿಸ್ ಬರಿಗಾಲಲ್ಲಿ ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹಾಕಿಸಿಕೊಂಡರು. ಎಡ ಹೃತ್ಕರ್ಣದಲ್ಲಿ ದೊಡ್ಡಮ್ಮ ಶುದ್ಧ ರಕ್ತದ ಬಗ್ಗೆ ಭಾಷಣ ಮಾಡಿದಳು. ಪೂರ್ತಿ ಸುತ್ತು ಮುಗಿಸಿ ಮತ್ತೆ ಹಜಾರಕ್ಕೆ ಬಂದಾಗ ಮಿಸ್‌ನ ಕೂದಲು ಕೆದರಿತ್ತು, ಕಣ್ಣು ಹೊಳೆಯುತ್ತಿತ್ತು.

"ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದ್ದೀನಿ, ಹೃದಯದೊಳಗೆ ಹೋಗಿ ಬಂದದ್ದು ಇವತ್ತೇ! ಮೂವರೂ ಪಾಸು. ನಿಂಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಕಣಮ್ಮ. ಅಜ್ಜಿ ಅಂತ ಬರೆದದ್ದಕ್ಕೆ ಒಂದು ಕಳೆದಿದ್ದೀನಿ."

ಚಿಗರೆ ಕುಣಿದಾಡಿದಳು. ಅಮ್ಮನನ್ನು ತಬ್ಬಿಕೊಂಡಳು, ಬೂಟು ಎತ್ತಿ ಮುತ್ತಿಟ್ಟಳು.

"ಇದನ್ನ ಎಲ್ಲ ಮಕ್ಕಳೂ ನೋಡಬೇಕು," ಎಂದು ಮಿಸ್ ಮುಂದುವರಿಸಿದರು. "ಮೂರು ತರಗತಿಯನ್ನೂ ಕರ್ಕೊಂಡು ಬರ್ತೀನಿ. ಮುಂದೆ ಓಡಿ ದಾರಿ ತೋರಿಸೋಕೆ ನೀನಿರ್ತೀಯಲ್ಲ. ಶನಿವಾರ ಬೆಳಗ್ಗೆ, ಎಂಟು ಗಂಟೆಗೆ."

ಚಿಗರೆಯ ಕೈಯಿಂದ ಬೂಟು ಜಾರಿತು. "ಮಿಸ್, ಶನಿವಾರ ನನ್ನ ಓಟ..."

"ಆಟದ ಮೇಷ್ಟ್ರಿಗೆ ನಾನು ಹೇಳ್ತೀನಿ ಬಿಡು. ನಿಂಗೇನು, ಓಡೋದು ತಾನೆ ಬೇಕಾಗಿದ್ದು? ಇಲ್ಲೇ ಓಡು."

ಫೇಲಾಗಿದ್ದರೂ ಓಟವಿಲ್ಲ, ಪಾಸಾದರೂ ಓಟವಿಲ್ಲ! ಚಿಗರೆಗೆ ಅಳು ಉಕ್ಕಿ ಬಂತು. ಅಡುಗೆಮನೆಯ ಮೂಲೆಯಲ್ಲಾದರೂ ಕೂತು ಅತ್ತುಬಿಡೋಣವೆಂದು ಅತ್ತ ಓಡಿದಳು.

ಬಾಗಿಲಲ್ಲಿ ಊರುಗೋಲು ಅಡ್ಡ ಬಂತು.

"ಸುತ್ತಿಕೊಂಡು ಬಾ," ಎಂದರು ಅಜ್ಜಿ.