ಸಿಂಹದ ದನಿಯೂ ಸಡಿಲ ಬೋಲ್ಟೂ

ನನಗೊಂದು ಕಾಯಿಲೆಯಿದೆ. ಅದನ್ನೇ ಉದ್ಯೋಗ ಮಾಡಿಕೊಂಡಿರುವುದರಿಂದ ನನ್ನ ಹೆಂಡತಿಯೊಬ್ಬಳನ್ನು ಬಿಟ್ಟರೆ ಬೇರೆ ಯಾರೂ ಅದನ್ನು ಕಾಯಿಲೆ ಎನ್ನುವುದಿಲ್ಲ. ಎಲ್ಲೇ ಏನೇ ಕಿರುಗುಟ್ಟಿದರೂ, ಕಟಕಟ ಎಂದರೂ ನನ್ನ ಕಿವಿ ನೆಟ್ಟಗಾಗುತ್ತದೆ. ಅದು ಎಲ್ಲಿಂದ ಬರುತ್ತಿದೆಯೆಂದು ಪತ್ತೆಯಾಗುವವರೆಗೆ ನನಗೆ ಊಟ ರುಚಿಸುವುದಿಲ್ಲ, ಎದುರಿಗಿದ್ದವರ ಮಾತು ತಲೆಗೆ ಹೋಗುವುದಿಲ್ಲ. ನನ್ನ ಮದುವೆಯ ವಿಡಿಯೊದಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ನಾನು ತಲೆಯೆತ್ತಿ ಮೇಲೆ ನೋಡುತ್ತಿದ್ದೇನೆ. ಹುಡುಗ ದೇವರನ್ನು ನೆನೆಯುತ್ತಿದ್ದಾನೆಂದು ಅತ್ತೆಯ ಕಡೆಯವರು ಬಹಳ ಮೆಚ್ಚಿಕೊಂಡರಂತೆ. ನಾನು ನೋಡುತ್ತಿದ್ದದ್ದು ಛತ್ರದ ಫ್ಯಾನನ್ನು. ಅದರ ಮೂರನೆಯ ರೆಕ್ಕೆಯ ಸ್ಕ್ರೂ ಸಡಿಲವಾಗಿತ್ತು.

ನಗೋಯಾದ ಹೊರವಲಯದಲ್ಲಿ, ಕಾರುಗಳಿಗೆ ಸೀಟು ಮಾಡಿಕೊಡುವ ಒಂದು ಕಂಪನಿಯಲ್ಲಿ ನನ್ನದು ಸದ್ದು ಹುಡುಕುವ ಕೆಲಸ. ಹೊಸ ಕಾರು ಓಡುವಾಗ ಸೀಟಿನ ಕೆಳಗೆ ಎಲ್ಲಾದರೂ ಒಂದು ಕಿಟಿಕಿಟಿ ಕೇಳಿಸಿದರೆ ಅದರ ತಾಯಿಬೇರು ಕಂಡುಹಿಡಿಯಬೇಕು. ಈ ವಿದ್ಯೆಯಲ್ಲಿ ನನಗೆ ಗುರುವಾದವರು ಮೊರಿತಾ ಸಾನ್. ಸಣ್ಣ ದೇಹ, ಬೂದು ಬಣ್ಣದ ಕಂಪನಿ ಜಾಕೆಟ್ಟು, ಕೈಯಲ್ಲಿ ಒಂದು ಉದ್ದನೆಯ ಮರದ ಕಡ್ಡಿ. ಕಡ್ಡಿಯ ಒಂದು ತುದಿಯನ್ನು ಯಂತ್ರಕ್ಕೂ ಇನ್ನೊಂದನ್ನು ಕಿವಿಗೂ ಇಟ್ಟು ಕಣ್ಣು ಮುಚ್ಚಿದರೆ ಅವರಿಗೆ ಲೋಕದ ಪರಿವೆಯಿರುತ್ತಿರಲಿಲ್ಲ. ಮೀಟಿಂಗುಗಳಲ್ಲಿಯೂ ಕಣ್ಣು ಮುಚ್ಚಿಯೇ ಇರುತ್ತಿದ್ದರು. ಮೊದಲೆರಡು ವರ್ಷ ಅವರು ನಿದ್ದೆ ಮಾಡುತ್ತಾರೆಂದೇ ನಾನು ತಿಳಿದಿದ್ದೆ. ಒಂದು ದಿನ ಪರೀಕ್ಷೆಯ ಕಾರಿನಲ್ಲಿ ಹೀಗೆಯೇ ಕಣ್ಣು ಮುಚ್ಚಿ ಕೂತಿದ್ದವರು, ಹಿಂದಿನ ಸೀಟಿನಡಿ ಯಾರೋ ಒಂದು ನಾಣ್ಯ ಬೀಳಿಸಿದ್ದಾರೆ, ಐದು ಯೆನ್ನಿನದು ಎಂದರು. ತೆಗೆದು ನೋಡಿದರೆ ಐದು ಯೆನ್ನಿನದೇ. ನಡುವೆ ತೂತಿರುವ ನಾಣ್ಯದ ದನಿಯೇ ಬೇರೆಯಂತೆ. ಅಂದಿನಿಂದ ನನಗೆ ಅವರೆಂದರೆ ಭಕ್ತಿ.

ಕೊರೊನಾ ಬಂದ ವರ್ಷದ ಫೆಬ್ರವರಿಯಲ್ಲಿ ನಾವು ತಾಂಜಾನಿಯಾದ ಸೆರೆಂಗೆಟಿಗೆ ಸಫಾರಿ ಹೊರಟೆವು. ನಾವೆಂದರೆ ನಾನು, ಹೆಂಡತಿ ಸುಮನಾ, ಒಂಬತ್ತು ವರ್ಷದ ಮಗಳು ಇಂಚರ. ಮೂರು ವರ್ಷದಿಂದ ಸುಮನಾ ಕಾಣುತ್ತಿದ್ದ ಕನಸದು. ಜಪಾನಿನಲ್ಲಿ ರಜೆ ಹಾಕಿ ಊರು ಸುತ್ತುವವನು ಆಫೀಸಿನವರಿಗೆಲ್ಲ ಸಿಹಿತಿಂಡಿಯ ಪೊಟ್ಟಣ ತಂದು ಹಂಚಬೇಕು. ಇದಕ್ಕೆ ಒಮಿಯಾಗೆ ಎನ್ನುತ್ತಾರೆ. ತರದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಆ ಅನ್ನದಿರುವುದನ್ನು ತಡೆದುಕೊಳ್ಳುವುದೇ ಕಷ್ಟ. ಮೊರಿತಾ ಸಾನ್ ಮಾತ್ರ ತಮಗೆ ತಿಂಡಿ ಬೇಡವೆಂದರು. ಅವರ ಬಾಲ್ಯದ ಮನೆ ಮೃಗಾಲಯದ ಹಿಂಬದಿಯಲ್ಲಿತ್ತಂತೆ. ದಿನಾ ಸಂಜೆ ಸಿಂಹ ಗರ್ಜಿಸುತ್ತಿತ್ತು, ದಿನಾ ಅದರ ದನಿ ಕಾಂಕ್ರೀಟು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಗೋಡೆಯಿಲ್ಲದ ಕಡೆ ಸಿಂಹದ ದನಿ ಹೇಗಿರುತ್ತದೆಂದು ಐವತ್ತು ವರ್ಷದಿಂದ ಅವರಿಗೊಂದು ಕುತೂಹಲ. ತಾವೇ ಹೋಗುವಂತಿಲ್ಲ, ಕಿವಿಗೆ ಪೆಟ್ಟಾದೀತೆಂಬ ಭಯದಲ್ಲಿ ಅವರು ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ತಮ್ಮ ಸ್ವಂತ ರೆಕಾರ್ಡರನ್ನು ಕರವಸ್ತ್ರದಲ್ಲಿ ಸುತ್ತಿ ಎರಡೂ ಕೈಯಲ್ಲಿ ನನಗೆ ಕೊಟ್ಟರು. ಮಾರ್ಚ್ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಸಿಂಹದ ದನಿ ತಂದು ಒಪ್ಪಿಸುತ್ತೇನೆಂದು ಮಾತು ಕೊಟ್ಟೆ.

ಸೆರೆಂಗೆಟಿಯನ್ನು ಹೇಗೆ ಬಣ್ಣಿಸಲಿ? ನಗೋಯಾದಲ್ಲಿ ಆಕಾಶವೆಂದರೆ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಒಂದು ಪಟ್ಟಿ. ಅಲ್ಲಿ ಆಕಾಶಕ್ಕೆ ಅಂಚೇ ಇರಲಿಲ್ಲ. ಅದರ ಕೆಳಗೆ ಕಣ್ಣು ಹಾಯುವಷ್ಟು ದೂರ ಹುಲ್ಲು, ಹುಲ್ಲಿನ ತುಂಬ ವೈಲ್ಡ್‌ಬೀಸ್ಟುಗಳು. ಕರು ಹಾಕುವ ಕಾಲವಂತೆ. ಹುಟ್ಟಿದ ಕೆಲವೇ ನಿಮಿಷಕ್ಕೆ ಕರುಗಳು ನಾಲ್ಕು ಕಾಲಿನ ಮೇಲೆ ನಿಂತು, ಬಿದ್ದು, ಮತ್ತೆ ನಿಂತು, ಓಡುವುದನ್ನೂ ಕಲಿತುಬಿಡುತ್ತಿದ್ದವು. ಜಿರಾಫೆಯೊಂದು ನಮ್ಮ ಜೀಪನ್ನು ಮೇಲಿನಿಂದ ನೋಡಿ, ನೋಡುವಂಥದ್ದೇನೂ ಇಲ್ಲವೆಂದು ತೀರ್ಮಾನಿಸಿ ಮುಳ್ಳಿನ ಮರಕ್ಕೆ ಬಾಯಿ ಹಾಕಿತು. ನಮ್ಮ ಡ್ರೈವರೂ ಮಾರ್ಗದರ್ಶಿಯೂ ಆಗಿದ್ದ ದಾವೂದಿಯ ಕಣ್ಣುಗಳನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಕಿಲೋಮೀಟರು ದೂರದ ಮರ ತೋರಿಸಿ ಅಲ್ಲಿ ಚಿರತೆಯ ಬಾಲ ಇಳಿಬಿದ್ದಿದೆ ಎನ್ನುತ್ತಿದ್ದ. ಹತ್ತಿರ ಹೋದರೆ ಬಾಲದ ಜತೆ ಚಿರತೆಯೂ ಇರುತ್ತಿತ್ತು. ಕಿವಿಯಲ್ಲಿ ಮೊರಿತಾ ಸಾನ್ ಹೇಗೋ ಕಣ್ಣಿನಲ್ಲಿ ಇವನು ಹಾಗೆ. ಒಂದೇ ಜನ್ಮದಲ್ಲಿ ಇಂಥ ಇಬ್ಬರನ್ನು ಕಂಡದ್ದು ನನ್ನ ಪುಣ್ಯ.

ಆದರೆ ಜೀಪಿನಲ್ಲಿ ಒಂದು ಸದ್ದಿತ್ತು. ಮೊದಲ ದಿನ ಗಾಡಿ ಹೊರಟ ಹತ್ತು ನಿಮಿಷಕ್ಕೇ ನನಗದು ಕೇಳಿಸಿತು. ಹಿಂದಿನ ಸೀಟಿನ ಕೆಳಗೆಲ್ಲೋ ಸಣ್ಣ ಕಿಟಿಕಿಟಿ. ಗಾಡಿ ನಿಂತರೆ ಅದೂ ನಿಲ್ಲುತ್ತಿತ್ತು, ಹಾಗಾಗಿ ಹುಡುಕಲು ಸಿಗುತ್ತಿರಲಿಲ್ಲ. ದಾವೂದಿಯನ್ನು ಕೇಳಿದೆ. ಅದು ಹತ್ತು ವರ್ಷದಿಂದ ಇದೆ, ಅದು ಕೇಳಿಸದಿದ್ದರೆ ಗಾಡಿ ಕೆಟ್ಟಿದೆಯೇನೋ ಎಂದು ತನಗೆ ಗಾಬರಿಯಾಗುತ್ತದೆ ಎಂದ. ಸುಮನಾ ಆನೆಗಳ ಹಿಂಡು ತೋರಿಸಿದರೆ ನಾನು ಒಂದು ಕ್ಷಣ ನೋಡಿ ಆಹಾ ಎಂದು ಮತ್ತೆ ಸೀಟಿನಡಿ ಕೈ ಹಾಕುತ್ತಿದ್ದೆ. ಎರಡನೆಯ ದಿನದ ಹೊತ್ತಿಗೆ ಅವಳು ಮುಖ ಊದಿಸಿಕೊಂಡಿದ್ದಳು. ಇಷ್ಟು ದೂರ ಬಂದು ಸೀಟು ನೋಡ್ತೀರಲ್ಲ, ಅದಕ್ಕೆ ನಗೋಯಾನೇ ಸಾಕಿತ್ತು ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಸಿಂಹ ಸಿಕ್ಕಿತು. ಕಪ್ಪು ಕೇಸರದ ಗಂಡು, ಜೀಪಿನಿಂದ ಹತ್ತು ಹೆಜ್ಜೆ ದೂರದಲ್ಲಿ. ದಾವೂದಿ ಎಂಜಿನ್ ಆರಿಸಿದ. ನಾನು ಮೊರಿತಾ ಸಾನರ ರೆಕಾರ್ಡರನ್ನು ಅಲುಗಾಡದಿರಲೆಂದು ಸೀಟಿನ ಕಾಲಿಗೆ ಟೇಪು ಹಾಕಿ ಅಂಟಿಸಿ ಗುಂಡಿ ಒತ್ತಿದೆ. ಸಿಂಹ ತಲೆ ತಗ್ಗಿಸಿತು, ಹೊಟ್ಟೆ ಒಳಕ್ಕೆಳೆದುಕೊಂಡಿತು, ಗರ್ಜಿಸಿತು. ಆ ದನಿ ಕಿವಿಗೆ ಬರುವ ಮೊದಲೇ ಎದೆಗೆ ಬಂತು. ಅದೇ ಗಳಿಗೆಯಲ್ಲಿ, ಎಂಜಿನ್ ಆರಿದ್ದರೂ, ನನ್ನ ಸೀಟಿನಡಿ ಕಿಟಿಕಿಟಿ ಶುರುವಾಯಿತು. ನಿಂತ ಗಾಡಿಯಲ್ಲಿ ಸದ್ದು! ಮೂರು ದಿನದಿಂದ ಕಾಡಿದ ಕಳ್ಳ ಈಗ ಕೈಗೆ ಸಿಗುವಂತಿದ್ದ. ನಾನು ಬಗ್ಗಿ ಸೀಟಿನಡಿ ತಲೆ ತೂರಿಸಿ, ನಡುಗುತ್ತಿದ್ದ ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದು, “ಸಿಕ್ತು!” ಎಂದು ಕೂಗಿದೆ. ಗರ್ಜನೆ ಅರ್ಧಕ್ಕೆ ನಿಂತಿತು. ತಲೆ ಎತ್ತುವಷ್ಟರಲ್ಲಿ ಸಿಂಹ ಹುಲ್ಲಿನಲ್ಲಿ ಮರೆಯಾಗಿತ್ತು. ದಾವೂದಿ ತನ್ನ ವೃತ್ತಿಜೀವನದಲ್ಲಿ ಇಂಥದ್ದನ್ನು ಕಂಡಿಲ್ಲವೆಂಬಂತೆ ನನ್ನನ್ನು ನೋಡಿದ. ಸುಮನಾ ನೋಡಲೂ ಇಲ್ಲ, ಒಂದೂವರೆ ದಿನ ಮಾತೂ ಆಡಲಿಲ್ಲ. ಆಮೇಲೆ ಬೇರೆ ಸಿಂಹಗಳು ಸಿಕ್ಕವು, ಒಂದೂ ಬಾಯಿ ಬಿಡಲಿಲ್ಲ.

ನಾವು ಹೊರಟಾಗ ಕೊರೊನಾ ಬಂದರಿನಲ್ಲಿ ನಿಂತ ಒಂದು ಹಡಗಿನಲ್ಲಿತ್ತು, ವಾಪಸು ಬಂದಾಗ ಮನೆಯ ಎದುರಿನ, ಹಗಲೂ ರಾತ್ರಿಯೂ ತೆರೆದಿರುವ ಕೊಂಬಿನಿ ಅಂಗಡಿಯ ಬಾಗಿಲಿಗೆ ಬಂದಿತ್ತು. ಮಾಸ್ಕು ಮುಗಿದಿದೆ ಎಂದು ಚೀಟಿ ಅಂಟಿಸಿದ್ದರು. ಶಾಲೆ ಮುಚ್ಚಿತ್ತು. ಹೊರದೇಶದಿಂದ ಬಂದವರು ಎರಡು ವಾರ ಮನೆಯಲ್ಲೇ ಇರಬೇಕೆಂದು ಕಂಪನಿ ವಿನಯದಿಂದ ಬೇಡಿಕೊಂಡಿತು. ಮೊರಿತಾ ಸಾನರ ಬೀಳ್ಕೊಡುಗೆಯ ಊಟ ರದ್ದಾಯಿತು, ಹೂಗುಚ್ಛ ಕೊಟ್ಟು ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟುವುದೂ ರದ್ದಾಯಿತು. ನಲವತ್ತು ವರ್ಷ ದುಡಿದ ಮನುಷ್ಯನಿಗೆ ಆ ಮಾರ್ಚಿನಲ್ಲಿ ಸಿಗಬಹುದಾಗಿದ್ದದ್ದು ನಾನು ತರುವ ದನಿಯೊಂದೇ. ನನ್ನ ಬಳಿಯಿದ್ದದ್ದು ಅರ್ಧ ಗರ್ಜನೆ, ಒಂದು ಬೋಲ್ಟಿನ ಕಿಟಿಕಿಟಿ ಮತ್ತು ನನ್ನದೇ ಕೂಗು.

ಎರಡು ವಾರ ಆ ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ ತೊಳೆದೆ. ಬೋಲ್ಟನ್ನು ತೆಗೆದರೆ ಸಿಂಹ ಬೆಕ್ಕಾಗುತ್ತಿತ್ತು, ನನ್ನ ಕೂಗನ್ನು ತೆಗೆದರೆ ಅಲ್ಲೊಂದು ಹಳ್ಳ ಬೀಳುತ್ತಿತ್ತು. ನಡುವೆ ಇನ್ನೇನೋ ಗೊಣಗೊಣ ಇತ್ತು, ಅದಕ್ಕೆ ಬೇಡದ ಸದ್ದು ಎಂದು ಗುರುತು ಹಾಕಿ ಅದನ್ನೂ ಉಜ್ಜಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಅಂತರ್ಜಾಲದಿಂದ ಒಂದು ಒಳ್ಳೆಯ ಗರ್ಜನೆ ಇಳಿಸಿಕೊಂಡು, ಅದಕ್ಕೆ ನಮ್ಮ ರೆಕಾರ್ಡಿಂಗಿನ ಗಾಳಿ ಮತ್ತು ಹಕ್ಕಿಯ ದನಿ ಬೆರೆಸಿದೆ. ಪಕ್ಕದಲ್ಲಿದ್ದ ಇಂಚರ ನೋಡುತ್ತಿದ್ದಳು. “ಅಪ್ಪಾ, ದಟ್ಸ್ ಝುರು,” ಎಂದಳು. ಆಟದಲ್ಲಿ ಮೋಸ ಮಾಡಿದವರಿಗೆ ಅವಳ ಶಾಲೆಯ ಮಕ್ಕಳು ಹಾಗನ್ನುತ್ತಾರೆ. ಇದು ದೊಡ್ಡವರ ವಿಷಯ ಎಂದು ಅವಳ ಬಾಯಿ ಮುಚ್ಚಿಸಿ ಮೇಲ್ ಕಳಿಸಿದೆ.

ಅರ್ಧ ಗಂಟೆಗೆ ಮೊರಿತಾ ಸಾನರ ಫೋನು ಬಂತು. ಮೊದಲು ನಮ್ಮ ಮನೆಯವರೆಲ್ಲರ ಆರೋಗ್ಯ ವಿಚಾರಿಸಿದರು. ಇಷ್ಟೆಲ್ಲ ತೊಂದರೆ ತೆಗೆದುಕೊಂಡದ್ದಕ್ಕೆ ಮೂರು ಸಲ ಧನ್ಯವಾದ ಹೇಳಿದರು. ಆಮೇಲೆ ಬಹಳ ಸಂಕೋಚದಿಂದ, “ಒಳ್ಳೇ ಸಿಂಹ. ಆದ್ರೆ ಅದರ ಬೆನ್ನ ಹಿಂದೆ ನಾಲ್ಕು ಮೀಟರ್ ದೂರದಲ್ಲಿ ಒಂದು ಗೋಡೆ ಇರೋ ಹಾಗಿದೆ. ಕಾಂಕ್ರೀಟಿಂದು. ಸೆರೆಂಗೆಟಿಯಲ್ಲೂ ಕಟ್ಟಿದ್ದಾರಾ?” ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಮಿಮಾಸೆನ್, ಸುಮಿಮಾಸೆನ್ ಎಂದು ಫೋನಿಗೇ ಬಗ್ಗಿ ಬಗ್ಗಿ ಕ್ಷಮೆ ಕೇಳಿ, ನಡೆದದ್ದೆಲ್ಲ ಹೇಳಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ಬೋಲ್ಟು ಇರುವ ಅಸಲಿಯನ್ನೇ ತನ್ನಿ ಎಂದರು.

ಅವರ ಕೊನೆಯ ದಿನ ಕಂಪನಿಯ ಪಾರ್ಕಿಂಗಿನಲ್ಲಿ ಭೇಟಿಯಾದೆವು. ಬೇಲಿಯ ಪಕ್ಕದ ಚೆರ್ರಿ ಮರ ಯಾರೂ ನೋಡುವವರಿಲ್ಲದೆ ಪೂರ್ತಿ ಅರಳಿ ನಿಂತಿತ್ತು. ರೆಕಾರ್ಡರನ್ನು ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟು ನಾನು ಎರಡು ಮೀಟರು ಹಿಂದೆ ಸರಿದೆ. ಅವರು ಮುಂದೆ ಬಂದು, ಅದನ್ನು ಒರೆಸಿ, ತಮ್ಮ ಹೆಡ್‌ಫೋನು ಸಿಕ್ಕಿಸಿ ಕಣ್ಣು ಮುಚ್ಚಿದರು. ಮೂರು ಸಲ ಕೇಳಿದರು.

“ಎಂಜಿನ್ ಆಫ್ ಇತ್ತಾ?” ಎಂದು ಕೇಳಿದರು. ಹೌದೆಂದೆ.

“ಹಾಗಾದ್ರೆ ಬೋಲ್ಟನ್ನ ಅಲ್ಲಾಡಿಸಿದ್ದು ಸಿಂಹಾನೇ.” ಅವರು ಹೆಡ್‌ಫೋನನ್ನು ಕಳಚಿ ಕೊರಳಿಗೆ ಇಳಿಬಿಟ್ಟರು. “ಸ್ಪೀಕರಲ್ಲಿ ಯಾವ ದನೀನಾದ್ರೂ ಎಷ್ಟು ದೊಡ್ಡದಾಗಿ ಬೇಕಾದ್ರೂ ಮಾಡಬಹುದು. ಬೋಲ್ಟಿಗೆ ಸುಳ್ಳು ಹೇಳೋಕೆ ಬರಲ್ಲ. ಸಿಂಹ ಎಷ್ಟು ದೊಡ್ಡದು ಅಂತ ನಂಗೆ ಈಗ ಗೊತ್ತಾಯ್ತು.”

ಮಾಸ್ಕಿನ ಮೇಲೆ ಕಾಣುತ್ತಿದ್ದ ಅವರ ಕಣ್ಣು ಒದ್ದೆಯಾಗಿತ್ತು. ನನ್ನ ಕಣ್ಣೂ ಒದ್ದೆಯಾಯಿತು. ಇಷ್ಟು ದೊಡ್ಡ ಮನುಷ್ಯನಿಗೆ ಕಳ್ಳ ಗರ್ಜನೆ ಕೊಡಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು. ಅವರು ಸೊಂಟ ಬಗ್ಗಿಸಿ ನಮಸ್ಕರಿಸಿ, ಹೊರಡುವ ಮುನ್ನ ಇನ್ನೊಂದು ಪ್ರಶ್ನೆ ಕೇಳಿದರು. “ನೀವು ಕೂಗೋಕೆ ಮುಂಚೆ ಒಬ್ಬರು ಹೆಂಗಸು ಮೆತ್ತಗೆ ಒಂದೇ ಮಾತನ್ನ ಮೂರು ಸಲ ಹೇಳ್ತಾರೆ. ಅದಕ್ಕೆ ಅರ್ಥ ಏನು?”

ಹೆಡ್‌ಫೋನು ಇಸಿದುಕೊಳ್ಳುವಂತಿರಲಿಲ್ಲ, ಕಾಲ ಹಾಗಿತ್ತು. ಅವರು ಹೋದ ಮೇಲೆ ಕಾರಿನಲ್ಲಿ ಕೂತು ನನ್ನ ಫೋನಿನಲ್ಲಿದ್ದ ಪ್ರತಿಯನ್ನು ಹಾಕಿ ಕೇಳಿದೆ. ಎರಡು ವಾರ ನಾನು ಬೇಡದ ಸದ್ದೆಂದು ಉಜ್ಜಿ ಉಜ್ಜಿ ಅಳಿಸಲು ನೋಡಿದ್ದ ಗೊಣಗೊಣ ಅದು. “ರೀ, ನೋಡಿ. ರೀ, ನೋಡಿ. ರೀ, ನೋಡಿ.” ಮೂರು ವರ್ಷ ಕಾದು ಕಂಡ ಸಿಂಹವನ್ನು ಅವಳೊಬ್ಬಳೇ ನೋಡಲಾರದೆ ನನ್ನನ್ನು ಕರೆಯುತ್ತಿದ್ದಳು. ಕಿವಿಯಿಂದಲೇ ಅನ್ನ ತಿನ್ನುವ ನನಗೆ ಅದು ಕೇಳಿಸಿರಲಿಲ್ಲ.

ಮನೆಗೆ ಹೋದವನೇ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಸುಮನಾಳ ಎದುರು ನಿಂತು ತಪ್ಪಾಯಿತೆಂದು ಒಪ್ಪಿಕೊಂಡೆ. ಹನ್ನೆರಡು ವರ್ಷದ ಸಂಸಾರದಲ್ಲಿ ಇನ್ನೂ ಏನೇನು ಕೇಳಿಸಿಕೊಂಡಿಲ್ಲವೋ ಅದಕ್ಕೆಲ್ಲ ಸೇರಿಸಿ ಕ್ಷಮೆ ಕೇಳಿ, ಹೆಡ್‌ಫೋನನ್ನು ನಾನೇ ಅವಳ ಕಿವಿಗೆ ಹಾಕಿದೆ. ಅವಳು ಹಿಟ್ಟಿನ ಕೈಯನ್ನು ಎತ್ತಿ ಹಿಡಿದುಕೊಂಡು ಕೊನೆಯವರೆಗೆ ಕೇಳಿದಳು. ಅವಳ ಮುಖ ಮೆತ್ತಗಾದದ್ದನ್ನು ನಾನು ಕಂಡೆ.

“ಸಿಂಹ ಚೆನ್ನಾಗಿ ಬಂದಿದೆ,” ಎಂದಳು. “ಆದ್ರೆ ಬಲಗಡೆ ನನ್ ಸೀಟ್ ಕೆಳಗೂ ಒಂದು ಬೋಲ್ಟ್ ಲೂಸ್ ಇತ್ತಲ್ಲ, ನಿಮಗೆ ಕೇಳಿಸ್ಲೇ ಇಲ್ವಾ?”

ಹೆಡ್‌ಫೋನು ಕಿತ್ತುಕೊಂಡು ಕೇಳಿದೆ. ಇತ್ತು.

ಮರುದಿನ ಮೊರಿತಾ ಸಾನ್‌ಗೆ ಫೋನು ಮಾಡಿ ವಿಷಯ ತಿಳಿಸಿದೆ. ಎರಡನೆಯ ಬೋಲ್ಟು ತಮಗೂ ಕೇಳಿಸಿತ್ತೆಂದೂ, ನನಗೆ ಬೇಸರವಾದೀತೆಂದು ಹೇಳಲಿಲ್ಲವೆಂದೂ ಅವರು ಬಹಳ ವಿನಯದಿಂದ ಒಪ್ಪಿಕೊಂಡರು. ಆಮೇಲೆ, ತಾವು ಬಿಟ್ಟ ಜಾಗಕ್ಕೆ ಕಂಪನಿ ಇನ್ನೂ ಯಾರನ್ನೂ ಆರಿಸಿಲ್ಲವಂತೆ, ನಿಮ್ಮ ಹೆಂಡತಿ ಕೆಲಸ ಹುಡುಕುತ್ತಿದ್ದಾರೆಯೇ ಎಂದು ವಿಚಾರಿಸಿದರು.